ಟಿ.ಸಿ. ಕೇಳದ ಊರಲ್ಲಿ ಮಗನ ಪಾಠ

"ಅಲ್ಲ ಕಣೋ, ಸ್ಕೂಲ್ ಬಿಡಿಸಿದೀಯ, ಸರಿ. ಎಸ್ಸೆಸ್ಸೆಲ್ಸಿಗೆ ಏನ್ ಮಾಡ್ತೀಯ?"

ವಿಡಿಯೋ ಕಾಲ್‌ನಲ್ಲಿ ದೊಡ್ಡಮ್ಮ ಕೇಳಿದ ಮೊದಲ ಪ್ರಶ್ನೆ ಇದು. ನನ್ನ ಮಗನಿಗೆ ಒಂಬತ್ತು ವರ್ಷ. ಆಟಿಸಂ ಇದೆ. ಮಾತು ಕಡಿಮೆ. ಬೇಕಾದ್ದನ್ನು ಒಂದೊಂದೇ ಪದದಲ್ಲಿ ಹೇಳುತ್ತಾನೆ, ಇಲ್ಲದಿದ್ದರೆ ಟ್ಯಾಬ್‌ನಲ್ಲಿ ಚಿತ್ರ ಒತ್ತಿ ತೋರಿಸುತ್ತಾನೆ. ಅವತ್ತು ಬೆಳಿಗ್ಗೆ ಯಾರೂ ಹೇಳದೆ ತಾನೇ ಶೂ ಹಾಕಿಕೊಂಡಿದ್ದ. ಆ ಖುಷಿ ಹೇಳೋಣ ಅಂತಲೇ ಫೋನ್ ಮಾಡಿದ್ದೆ. ಆಮೇಲೆ ಹೇಳಬೇಕು ಅನ್ನಿಸಲಿಲ್ಲ.

ದೊಡ್ಡಮ್ಮ ಒಬ್ಬರೇ ಅಲ್ಲ, ಊರಿನಿಂದ ಬರುವ ಪ್ರಶ್ನೆಗಳೆಲ್ಲ ಹೀಗೇ ಇರುತ್ತವೆ. ಯಾವ ಸಿಲೆಬಸ್? ಸ್ಟೇಟಾ, ಸಿಬಿಎಸ್‌ಇನಾ? ಸರ್ಟಿಫಿಕೇಟ್ ಯಾರು ಕೊಡ್ತಾರೆ? ಮುಂದೇನು? ಇವತ್ತು ಅವನು ಏನು ಕಲಿತ ಅಂತ ಕೇಳುವವರು ಸಿಗುವುದೇ ಅಪರೂಪ. ಒಂಬತ್ತು ವರ್ಷದ ಹುಡುಗನ ಮುಂದೆ ಹತ್ತನೇ ಕ್ಲಾಸಿನ ಹಾಲ್ ಟಿಕೆಟ್ ಹಿಡಿದು ನಿಂತುಬಿಡುತ್ತಾರೆ.

ನಾವು ಇರುವುದು ಡಲ್ಲಾಸ್ ಪಕ್ಕದಲ್ಲಿ. ಮಗ ಇಲ್ಲಿನ ಸರ್ಕಾರಿ ಶಾಲೆಗೆ ಹೋಗುತ್ತಿದ್ದ. ಊಟದ ಹಾಲ್‌ನ ಗದ್ದಲ ಅವನಿಗೆ ಆಗುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸುಸ್ತಾಗಿ, ಮನೆಗೆ ಬಂದ ಮೇಲೆ ಸಂಜೆಯೆಲ್ಲ ಅಳು. ಕೊನೆಗೆ ಮನೆಯಲ್ಲೇ ಕಲಿಸೋಣ ಅಂತ ತೀರ್ಮಾನ ಮಾಡಿದೆವು. ನಾನು ಊರಿನ ಅಭ್ಯಾಸದಂತೆ ಫೈಲ್ ರೆಡಿ ಮಾಡಿಕೊಂಡೆ. ಬರ್ತ್ ಸರ್ಟಿಫಿಕೇಟ್, ಲಸಿಕೆ ಕಾರ್ಡ್, ಡಾಕ್ಟರ್ ರಿಪೋರ್ಟ್, ಎಲ್ಲದಕ್ಕೂ ಎರಡೆರಡು ಜೆರಾಕ್ಸ್. ಶಾಲೆಯವರು ತೆಗೆದುಕೊಂಡಿದ್ದು ಒಂದೇ ಒಂದು ಹಾಳೆ. ಇಂಥ ತಾರೀಕಿನಿಂದ ನಮ್ಮ ಮಗನಿಗೆ ಮನೆಯಲ್ಲೇ ಪಾಠ ಅಂತ ಬರೆದ ಪತ್ರ. ಆಫೀಸಿನ ಹೆಂಗಸು ಅದನ್ನು ಓದಿ, ಕಂಪ್ಯೂಟರಿನಲ್ಲಿ ಏನೋ ಒತ್ತಿ, ಅವನಿಗೆ ಏನು ಇಷ್ಟ ಅಂತ ಕೇಳಿದರು. ಸೀಲಿಂಗ್ ಫ್ಯಾನ್ ಅಂದೆ. ಹಾಗಾದರೆ ಅಲ್ಲಿಂದಲೇ ಶುರು ಮಾಡಿ ಅಂದರು. ಕೆಲಸ ಮುಗಿಯಿತು. ನಾನು ಸೀಲು, ಸಹಿ ಏನಾದರೂ ಇರುತ್ತದೇನೋ ಅಂತ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.

ಟೆಕ್ಸಾಸ್‌ನಲ್ಲಿ ಇದು ಹೀಗೇ. 1994ರ ಲೀಪರ್ ಮೊಕದ್ದಮೆಯಲ್ಲಿ ಈ ರಾಜ್ಯದ ಸುಪ್ರೀಂ ಕೋರ್ಟು ಮನೆಪಾಠವೂ ಒಂದು ಖಾಸಗಿ ಶಾಲೆ ಇದ್ದಂತೆ ಅಂತ ತೀರ್ಪು ಕೊಟ್ಟಿತು. ಓದು, ಸ್ಪೆಲಿಂಗ್, ವ್ಯಾಕರಣ, ಗಣಿತ, ಒಳ್ಳೆಯ ಪ್ರಜೆಯಾಗುವ ಪಾಠ, ಈ ಐದನ್ನು ಕಲಿಸಬೇಕು. ತೋರಿಕೆಗೆ ಅಲ್ಲ, ನಿಜವಾಗಿ ಕಲಿಸಬೇಕು. ಅಷ್ಟೇ. ರಿಜಿಸ್ಟ್ರೇಷನ್ ಇಲ್ಲ, ಪರೀಕ್ಷೆ ಇಲ್ಲ, ಇನ್ಸ್‌ಪೆಕ್ಟರ್ ಇಲ್ಲ.

ಅದೇ ಹೊತ್ತಿಗೆ ದಾವಣಗೆರೆಯಲ್ಲಿರುವ ನನ್ನ ಗೆಳೆಯನೂ ಮಗಳ ಶಾಲೆಗೆ ಅಲೆಯುತ್ತಿದ್ದ. ಅವಳಿಗೂ ಆಟಿಸಂ. ಕ್ಲಾಸಿನಲ್ಲಿ ಮಗುವಿನ ಪಕ್ಕದಲ್ಲೇ ಇದ್ದು ಸಹಾಯ ಮಾಡುವ ಶ್ಯಾಡೋ ಟೀಚರ್ ನೀವೇ ಇಟ್ಟುಕೊಳ್ಳಿ, ಸಂಬಳ ನೀವೇ ಕೊಡಿ ಅಂದರಂತೆ. ಕೊಟ್ಟ. ಬೇರೆ ಪೇರೆಂಟ್ಸ್ ಕಂಪ್ಲೇಂಟ್ ಮಾಡುತ್ತಿದ್ದಾರೆ ಅಂದರಂತೆ. ಅದನ್ನೂ ನುಂಗಿಕೊಂಡ. ಕೊನೆಗೆ ಬೇಸತ್ತು ಟಿ.ಸಿ. ಕೇಳಿದರೆ, ವರ್ಷದ ಪೂರ್ತಿ ಫೀಸು ಕಟ್ಟಿ ಆಮೇಲೆ ಬನ್ನಿ ಅಂದರಂತೆ! ಇರಲೂ ಬಿಡಲಿಲ್ಲ, ಹೋಗಲೂ ಬಿಡಲಿಲ್ಲ. ಅವನ ಮಗಳಿಗೆ ಏನು ಇಷ್ಟ ಅಂತ ಆ ಶಾಲೆಯಲ್ಲಿ ಯಾರಾದರೂ ಕೇಳಿದ್ದರಾ ಅಂದೆ. ಸುಮ್ಮನೆ ನಕ್ಕ.

ನಾವು ಪ್ಲಾನ್ ಮಾಡಲು ಕೂತಾಗ ಕೈಯಲ್ಲಿದ್ದ ದೊಡ್ಡ ಆಸ್ತಿ ಅಂದರೆ ಹಳೆಯ ಶಾಲೆಯ ಐಇಪಿ ಫೈಲು. ವಿಶೇಷ ಶಿಕ್ಷಣ ಪಡೆಯುವ ಪ್ರತಿ ಮಗುವಿಗೂ ಇಲ್ಲಿ ವರ್ಷಕ್ಕೊಮ್ಮೆಯಾದರೂ ಟೀಚರುಗಳು, ಥೆರಪಿಸ್ಟುಗಳು, ಅಪ್ಪ ಅಮ್ಮ ಒಟ್ಟಿಗೆ ಕೂತು ಬರೆಯುವ ಯೋಜನೆ ಅದು. ಮಗು ಇವತ್ತು ಏನು ಮಾಡಬಲ್ಲದು, ಯಾರಾದರೂ ನೆನಪಿಸಬೇಕಾ, ಹತ್ತು ಸಲ ಹೇಳಿದರೆ ಎಷ್ಟು ಸಲ ಮಾಡುತ್ತದೆ, ಎಲ್ಲ ಅದರಲ್ಲಿ ಇರುತ್ತದೆ. ಯಾರಾದರೂ ಮಗುವನ್ನು ಬಿಡಿಸುವ ಯೋಚನೆಯಲ್ಲಿದ್ದರೆ ಮೊದಲು ಅದರ ಪೂರ್ತಿ ಕಾಪಿ ತೆಗೆದಿಟ್ಟುಕೊಳ್ಳಿ. ಅಂಗಡಿಯಲ್ಲಿ ಸಿಗುವ ಮೂರನೇ ಕ್ಲಾಸಿನ ವರ್ಕ್‌ಬುಕ್ಕಿಗಿಂತ ಅದು ಎಷ್ಟೋ ವಾಸಿ. ನಮ್ಮ ಹುಡುಗ ಓದುವುದರಲ್ಲಿ ಮೂರನೇ ಕ್ಲಾಸು, ಓದಿದ್ದರ ಅರ್ಥ ಹೇಳುವುದರಲ್ಲಿ ಒಂದನೇ ಕ್ಲಾಸು, ಫ್ಯಾನಿನ ವಿಷಯದಲ್ಲಿ ಇಂಜಿನಿಯರ್. ಇವನನ್ನು ಯಾವ ಕ್ಲಾಸಿನಲ್ಲಿ ಕೂರಿಸುತ್ತೀರಿ?

ಆ ಫೈಲಿನಲ್ಲಿದ್ದ ಉದ್ದದ ಪಟ್ಟಿಯಲ್ಲಿ ನಾವು ಉಳಿಸಿಕೊಂಡಿದ್ದು ಸ್ವಲ್ಪವೇ. ಬೇಕು, ಬೇಡ, ನೋವಾಗುತ್ತಿದೆ ಅಂತ ಹೇಳುವುದು. ಕಾಯುವುದು. ಬರೆದಿದ್ದನ್ನು ಓದಿ ಅದರಂತೆ ಮಾಡುವುದು. ದುಡ್ಡು ಎಣಿಸುವುದು. ಕೋರ್ಟು ಹೇಳಿದ ಒಳ್ಳೆಯ ಪ್ರಜೆಯ ಪಾಠಕ್ಕೆ ಇಂಡಿಯನ್ ಅಂಗಡಿಯ ಬಿಲ್ ಕೌಂಟರ್ ಇದೆ. ಕ್ಯೂನಲ್ಲಿ ನಿಲ್ಲಬೇಕು, ಮುಂದಿನವರ ಟ್ರಾಲಿ ತಳ್ಳಬಾರದು, ಚಿಲ್ಲರೆ ತೆಗೆದುಕೊಳ್ಳಬೇಕು. ನಮ್ಮಲ್ಲಿ ಎಷ್ಟೋ ಗ್ರಾಜುಯೇಟ್‌ಗಳಿಗೆ ಬರದ ಪಾಠ ಇದು ಅಂತ ಹೆಂಡತಿ ಹೇಳುತ್ತಾಳೆ.

ಕಲಿಸುವ ಕ್ರಮಕ್ಕೆ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಎರಿಕ್ ಶಾಪ್ಲರ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಬೆಳೆಸಿದ 'ಟೀಚ್' ಪದ್ಧತಿಯನ್ನು ಹಿಡಿದಿದ್ದೇವೆ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಕಿವಿಗಿಂತ ಕಣ್ಣಿನಿಂದ ವಿಷಯ ಬೇಗ ತಲುಪುತ್ತದೆ ಅನ್ನುವುದು ಅದರ ಮೂಲ. ಎಷ್ಟು ಕೆಲಸ ಇದೆ, ಯಾವಾಗ ಮುಗಿಯುತ್ತದೆ, ಮುಗಿದ ಮೇಲೆ ಏನು, ಇಷ್ಟು ಕಣ್ಣಿಗೆ ಕಂಡರೆ ಗಾಬರಿ ಕಡಿಮೆ. ಇದಕ್ಕೆ ರೆಡಿಮೇಡ್ ಟ್ರೇಗಳು ಸಿಗುತ್ತವೆ, ಆದರೆ ದುಬಾರಿ. ನಮ್ಮನೆಯಲ್ಲಿ ಮೂರು ಸ್ಟೀಲ್ ತಟ್ಟೆ ಮೇಜಿನ ಎಡಗಡೆ ಸಾಲಾಗಿ ಇರುತ್ತವೆ, ಒಂದೊಂದರಲ್ಲಿ ಒಂದೊಂದು ಕೆಲಸ. ಬಲಗಡೆ ಹಪ್ಪಳದ ಹಳೆಯ ಡಬ್ಬ, ಮೇಲೆ 'ಮುಗಿಯಿತು' ಅಂತ ಚೀಟಿ. ಮಾಡಿದ್ದನ್ನೆಲ್ಲ ಅದರೊಳಗೆ ಹಾಕುವಾಗ ಅವನ ಮುಖ ನೋಡಬೇಕು.

ಒಂದು ಪಾಠ ಮಾತ್ರ ನಾವು ಯಾವ ಪುಸ್ತಕದಿಂದಲೂ ತಂದಿದ್ದಲ್ಲ. ಅವನಿಗೆ ಕುಕ್ಕರ್ ವಿಷಲ್ ಅಂದರೆ ಮೊದಲಿಂದ ಭಯ. ಕೂಗಿದ ಕೂಡಲೇ ಕಿವಿ ಮುಚ್ಚಿಕೊಂಡು ಬಚ್ಚಲಿಗೆ ಓಡುತ್ತಿದ್ದ. ಅದಕ್ಕೆ, ಒಂದಾದ ಮೇಲೊಂದು ಏನೇನು ಅಂತ ಕಾರ್ಡುಗಳಲ್ಲಿ ತೋರಿಸುವ ಬೆಳಿಗ್ಗೆಯ ಚಿತ್ರಪಟ್ಟಿಯಲ್ಲಿ ಕುಕ್ಕರಿನದೂ ಒಂದು ಕಾರ್ಡ್ ಸೇರಿಸಿದೆವು. ವಿಷಲ್ ಬರುತ್ತದೆ ಅಂತ ಮೊದಲೇ ಗೊತ್ತಾಗಲಿ ಅಂತ. ಮೊದಮೊದಲು ಹೆಡ್‌ಫೋನ್ ಹಾಕಿಕೊಂಡು ಅಡುಗೆಮನೆಯ ಬಾಗಿಲ ಹೊರಗೆ ನಿಲ್ಲುತ್ತಿದ್ದ. ಪ್ರತಿ ವಿಷಲ್‌ಗೂ ಬೋರ್ಡ್ ಮೇಲೆ ಒಂದು ಗೆರೆ. ಆಮೇಲೆ ಗಡಿಯಾರ ನೋಡಿ ಎಷ್ಟು ನಿಮಿಷಕ್ಕೆ ಬಂತು ಅಂತ ಬರೆಯತೊಡಗಿದ. ಅನ್ನಕ್ಕೆ ಇಷ್ಟು, ತೊಗರಿಬೇಳೆಗೆ ಇಷ್ಟು, ಕಡಲೆಕಾಳಿಗೆ ಇನ್ನೂ ಜಾಸ್ತಿ. ಈಗ ಅವನ ಹತ್ತಿರ ಅದರದ್ದೇ ಒಂದು ಚಾರ್ಟ್ ಇದೆ. ಮುಚ್ಚಿದ ಪಾತ್ರೆಯಲ್ಲಿ ಹಬೆ ಒತ್ತಿಕೊಂಡಾಗ ನೀರು 100 ಡಿಗ್ರಿಯಲ್ಲಿ ಕುದಿಯದೆ ಸುಮಾರು 120ರ ತನಕ ಕಾಯುತ್ತದೆ, ಅದಕ್ಕೇ ಬೇಳೆ ಬೇಗ ಬೇಯುತ್ತದೆ ಅಂತ ಚಿತ್ರ ಬರೆದು ತೋರಿಸಿದೆ. ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಮೂರನೇ ವಿಷಲ್ ಆದ ಮೇಲೆ ಗ್ಯಾಸ್ ಆರಿಸಮ್ಮ ಅನ್ನುವ ಹಾಗೆ "ಅಮ್ಮ, ಮೂರು" ಅಂತ ಕೂಗುತ್ತಾನೆ. ಎಣಿಕೆ, ಟೈಮ್ ನೋಡುವುದು, ವಿಜ್ಞಾನ, ಮಾತು. ಇದನ್ನು ಯಾವ ಬೋರ್ಡು ಸಿಲೆಬಸ್‌ಗೆ ಹಾಕುತ್ತದೆ, ದೊಡ್ಡಮ್ಮ?

ಕಾರ್ಡುಗಳಲ್ಲಿ ಕನ್ನಡವೂ ಇದೆ. ಒಂದೇ ಭಾಷೆ ಸಾಕು, ಇಂಗ್ಲಿಷ್ ಮಾತ್ರ ಮಾತಾಡಿ ಅನ್ನುವ ಬುದ್ಧಿಮಾತು ನಮಗೆ ಇಲ್ಲಿಯೂ ಸಿಕ್ಕಿದೆ, ಬೆಂಗಳೂರಿನಲ್ಲೂ ಸಿಕ್ಕಿದೆ. ಎರಡು ಭಾಷೆ ಕೇಳಿ ಬೆಳೆದರೆ ಈ ಮಕ್ಕಳ ಮಾತು ಇನ್ನೂ ಹಿಂದೆ ಬೀಳುತ್ತದೆ ಅನ್ನುವುದಕ್ಕೆ ಇಲ್ಲಿಯವರೆಗಿನ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಅವನ ಅಜ್ಜಿಗೆ ಇಂಗ್ಲಿಷ್ ಬರಲ್ಲ. ಇನ್ನೇನು ಮಾಡಬೇಕು?

ಸರಿ, ಎಸ್ಸೆಸ್ಸೆಲ್ಸಿ ವಿಷಯಕ್ಕೇ ಬರೋಣ. ದಾರಿ ಇಲ್ಲ ಅಂತಲ್ಲ, ಊರಿನಲ್ಲೇ ಇದೆ. ಎನ್‌ಐಒಎಸ್ ಅನ್ನುವ ಕೇಂದ್ರ ಸರ್ಕಾರದ ಮುಕ್ತ ಶಾಲೆ ಇದೆ. ಚಿಕ್ಕ ಮಕ್ಕಳಿಗೆ ಮೂರು, ಐದು, ಎಂಟನೇ ಕ್ಲಾಸಿಗೆ ಸಮನಾದ ಹಂತಗಳಿವೆ. ಹದಿನಾಲ್ಕು ತುಂಬಿದ ಮೇಲೆ ಹತ್ತನೇ ಕ್ಲಾಸಿಗೆ ಸೇರಬಹುದು. ಎಲ್ಲ ಸಬ್ಜೆಕ್ಟೂ ಒಂದೇ ಏಟಿಗೆ ಬರೆಯಬೇಕಿಲ್ಲ, ಐದು ವರ್ಷದಲ್ಲಿ ಒಂಬತ್ತು ಅವಕಾಶ ಕೊಡುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಇದೆ. ತೀವ್ರ ತೊಂದರೆ ಇರುವ ಮಕ್ಕಳು ಮನೆಯಲ್ಲೇ ಕಲಿಯಬಹುದು ಅಂತ 2012ರಲ್ಲೇ ಆರ್‌ಟಿಇಗೆ ತಿದ್ದುಪಡಿಯೂ ಆಗಿದೆ. ಇಷ್ಟೆಲ್ಲ ಇದ್ದೂ ದಾವಣಗೆರೆಯ ಗೆಳೆಯನಿಗೆ ಇದನ್ನು ಹೇಳಿದ್ದು ಶಾಲೆಯಲ್ಲ, ಸಾವಿರಾರು ಮೈಲಿ ದೂರದಿಂದ ನಾನು. ನನಗೆ ಹೊಟ್ಟೆ ಉರಿಯುವುದು ಇದಕ್ಕೇ.

ಇಷ್ಟು ಬರೆದ ಮೇಲೆ, ಇಲ್ಲಿಯ ಕಥೆಯನ್ನೂ ಹೇಳದಿದ್ದರೆ ಹೆಂಡತಿ ಬಿಡುವುದಿಲ್ಲ. ಇದೇ ಟೆಕ್ಸಾಸ್‌ನ ಶಿಕ್ಷಣ ಇಲಾಖೆ, ವಿಶೇಷ ಶಿಕ್ಷಣದ ಮಕ್ಕಳು ಒಟ್ಟು ಮಕ್ಕಳಲ್ಲಿ 8.5 ಶೇಕಡಾ ದಾಟಬಾರದು ಅನ್ನುವ ಹಾಗೆ ವರ್ಷಗಟ್ಟಲೆ ಶಾಲಾ ಜಿಲ್ಲೆಗಳಿಗೆ ಗುರಿ ಇಟ್ಟಿತ್ತು. 2016ರಲ್ಲಿ ಹ್ಯೂಸ್ಟನ್ ಕ್ರಾನಿಕಲ್ ಪತ್ರಿಕೆ ಅದನ್ನು ಬಯಲಿಗೆಳೆಯಿತು. 2018ರಲ್ಲಿ ಅಮೆರಿಕದ ಕೇಂದ್ರ ಶಿಕ್ಷಣ ಇಲಾಖೆ, ಟೆಕ್ಸಾಸ್ ಕೇಂದ್ರದ ಕಾನೂನು ಮುರಿದಿದೆ ಅಂತ ಹೇಳಿತು. ಅಷ್ಟರಲ್ಲಿ ಎಷ್ಟೋ ಮಕ್ಕಳು ಸಹಾಯವೇ ಇಲ್ಲದೆ ದೊಡ್ಡವರಾಗಿಬಿಟ್ಟಿದ್ದರು.

ಆ ಒಂದು ಹಾಳೆಯ ಪತ್ರಕ್ಕೂ ನಾವು ಬೆಲೆ ತೆತ್ತೆವು. ಸರ್ಕಾರಿ ಶಾಲೆಯಲ್ಲಿ ಇರುವ ತನಕ ಸ್ಪೀಚ್ ಥೆರಪಿ, ಆಕ್ಯುಪೇಶನಲ್ ಥೆರಪಿ, ಅವನಿಗೆ ಏನು ಬೇಕೋ ಅದನ್ನು ಪುಕ್ಕಟೆ ಕೊಡುವುದು ಅವರ ಕರ್ತವ್ಯ. 1975ರಿಂದ ಇರುವ ಕೇಂದ್ರ ಕಾನೂನು ಅದು. ಮಗುವನ್ನು ಬಿಡಿಸಿದ ಕ್ಷಣ ಆ ಹಕ್ಕು ಹೋಯಿತು. ಶಾಲಾ ಜಿಲ್ಲೆಯವರು ಖಾಸಗಿ ಶಾಲೆಯ ಮಕ್ಕಳಿಗೆ ಅಂತ ತೆಗೆದಿಡುವ ಸ್ವಲ್ಪ ದುಡ್ಡಿನಲ್ಲಿ ಏನಾದರೂ ಸಿಕ್ಕರೆ ಸಿಕ್ಕಿತು. 2025ರಲ್ಲಿ ಟೆಕ್ಸಾಸ್ ಹೊಸ ಕಾನೂನು ಮಾಡಿ ಮನೆಪಾಠದ ಮಗುವಿಗೆ ವರ್ಷಕ್ಕೆ 2,000 ಡಾಲರ್ ತನಕ ಕೊಡುತ್ತೇವೆ ಅಂದಿದೆ. ಥೆರಪಿಯ ಬಿಲ್ ನೋಡಿದವರಿಗೆ ಅದು ಎಷ್ಟು ದಿನಕ್ಕೆ ಸಾಲುತ್ತದೆ ಅಂತ ಗೊತ್ತು. ಯಾರೂ ಏನೂ ಕೇಳುವುದಿಲ್ಲ ಅಂತ ಹಿಗ್ಗಿದೆನಲ್ಲ, ಯಾರೂ ಬಂದು ನೋಡುವುದೂ ಇಲ್ಲ. ಮಧ್ಯಾಹ್ನದ ಹೊತ್ತು ನಮ್ಮ ಬೀದಿಯಲ್ಲಿ ಒಂದು ನರಪಿಳ್ಳೆ ಕಾಣುವುದಿಲ್ಲ.

ಡಿಸೆಂಬರ್‌ನಲ್ಲಿ ತಿಪಟೂರಿಗೆ ಹೋಗಿದ್ದಾಗ ಅವರೆಕಾಯಿಯ ಕಾಲ. ಅಮ್ಮ ನೆನೆಸಿದ ಅವರೆಕಾಳಿನ ಬೋಗುಣಿ ಇಟ್ಟುಕೊಂಡು ಹಿತುಕುತ್ತಾ ಕೂತಿದ್ದರು. ಮಗ ಪಕ್ಕದಲ್ಲಿ ಹೋಗಿ ಕೂತ. ಅಮ್ಮ ಏನೂ ಹೇಳಲಿಲ್ಲ. ಒಂದು ಕಾಳನ್ನು ಅವನ ಬೆರಳಿಗೆ ಕೊಟ್ಟು, ತಮ್ಮ ಬೆರಳಿನಿಂದ ಒತ್ತಿ ತೋರಿಸಿದರು. ಬೇಳೆ ಪುಸಕ್ಕನೆ ಹಾರಿ ಗೋಡೆಗೆ ಬಡಿಯಿತು. ಅವನು ಬಿದ್ದು ಬಿದ್ದು ನಕ್ಕ. ಆಮೇಲೆ ಮೇಲೆ ಏಳಲೇ ಇಲ್ಲ. ಹೆಬ್ಬೆರಳು, ತೋರುಬೆರಳು ಸೇರಿಸಿ ಹಿಡಿಯುವುದನ್ನು ಕಲಿಸಲು ಇಲ್ಲಿ ಚಿಮ್ಮಟ, ಮಣಿ ಇಟ್ಟುಕೊಂಡು ಗಂಟೆಗೆ ಇಷ್ಟು ಅಂತ ದುಡ್ಡು ಕೊಟ್ಟಿದ್ದೇವೆ. ಎದುರುಮನೆಯ ಅಜ್ಜಿ ಬಂದು ಕೂತರು, ಹೂವಿನವಳು ಬಂದಳು, ಹಾಲಿನ ಹುಡುಗ ಬಂದ. ಎಲ್ಲರೂ ಅವನ ಹೆಸರು ಹಿಡಿದು ಮಾತಾಡಿಸಿದರು, ಉತ್ತರ ಬರದಿದ್ದರೂ ಬಿಡಲಿಲ್ಲ. "ಮಾತು ಬರಲ್ವಾ?" ಅಂತ ಅವನ ಮುಂದೆಯೇ ಕೇಳಿದರು ಕೂಡ. ಅದು ನನಗೆ ಇವತ್ತಿಗೂ ಚುಚ್ಚುತ್ತದೆ. ಆದರೆ ಹೂವಿನವಳಿಗೆ ಅವನು ತಾನಾಗಿ ಟಾಟಾ ಮಾಡಿದ. ಇಲ್ಲಿನ ಐಇಪಿಯಲ್ಲಿ ಅದು ಎಷ್ಟೋ ಕಾಲದಿಂದ ಮುಟ್ಟದೆ ಉಳಿದಿದ್ದ ಗುರಿ.

ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಜಾಗ ಇದೆ. ಕನ್ನಡದಲ್ಲೇ ಸ್ಪೀಚ್ ಥೆರಪಿ ಸಿಗುತ್ತದೆ. ಮುಂದಿನ ವರ್ಷದ ಪ್ಲಾನಿನಲ್ಲಿ ಚಳಿಗಾಲ ಪೂರ್ತಿ ತಿಪಟೂರು, ನಡುವೆ ಮೈಸೂರು ಅಂತ ಬರೆದಿದ್ದೇನೆ. ಮನೆಪಾಠಕ್ಕೆ ರಜಾ ಅರ್ಜಿ ಯಾರಿಗೂ ಕೊಡಬೇಕಿಲ್ಲವಲ್ಲ.

ಹೆಂಡತಿ ಇನ್ನೂ ಒಪ್ಪಿಲ್ಲ. ಕರೆಂಟ್ ಹೋಗಿ ಫ್ಯಾನ್ ನಿಂತರೆ ಅವನನ್ನು ಸಮಾಧಾನ ಮಾಡುವವರು ಯಾರು ಅನ್ನುತ್ತಾಳೆ. ಅಪ್ಪ ಆಗಲೇ ತಿಪಟೂರಿನ ಅಂಗಡಿಗೆ ಹೋಗಿ ಯುಪಿಎಸ್ ರೇಟ್ ಕೇಳಿಕೊಂಡು ಬಂದಿದ್ದಾರೆ.