ತಲೆಬಾಗಿಲಿಗೆ ಜಾಗವೂ ಬೇಕು, ಹೊತ್ತೂ ಬೇಕು

ಸಿಂಗಪುರಕ್ಕೆ ಬಂದ ಹೊಸದರಲ್ಲಿ ನಾವು ಒಂದು ಒಳ್ಳೆಯ ಮನೆಯನ್ನು ಕೈಬಿಟ್ಟೆವು. ಎಂಟನೇ ಮಹಡಿ. ಗಾಳಿ, ಬೆಳಕು ಎರಡೂ ಚೆನ್ನಾಗಿತ್ತು. ರೈಲು ನಿಲ್ದಾಣ ಹತ್ತಿರ. ಬಾಗಿಲು ಮಾತ್ರ ದಕ್ಷಿಣಕ್ಕೆ. ಊರಿನ ಕಡೆಯ ವಾಸ್ತು ಪಂಡಿತರೊಬ್ಬರಿಗೆ ಫೋನ್ ಮಾಡಿದೆ. ದಕ್ಷಿಣ ಅಂದ ಕೂಡಲೇ "ಯಮನ ದಿಕ್ಕು, ಬೇಡ" ಅಂದರು. ಮನೆಯ ನಕ್ಷೆ ಕಳಿಸಿ ಅಂತಲೂ ಕೇಳಲಿಲ್ಲ. ಎರಡೇ ವಾರದಲ್ಲಿ ಆ ಮನೆಗೆ ಒಂದು ಚೀನೀ ಕುಟುಂಬ ಬಂತು. ದಕ್ಷಿಣದ ಬಾಗಿಲೇ ಬೇಕು ಎಂದು ಅವರು ಆರು ತಿಂಗಳಿಂದ ಹುಡುಕುತ್ತಿದ್ದರಂತೆ.

ಬಾಗಿಲು ಒಂದೇ. ನಮಗೆ ಅದು ಯಮನ ದಿಕ್ಕು, ಅವರಿಗೆ ಭಾಗ್ಯದ ದಿಕ್ಕು. ಅವತ್ತು ಮನಸ್ಸಿಗೆ ಹತ್ತಿದ ಈ ವಿಷಯ ಇನ್ನೂ ಬಿಟ್ಟಿಲ್ಲ. ಚೀನೀಯರ ವಾಸ್ತುವಾದ ಫೆಂಗ್ ಶೂಯಿ ಬಗ್ಗೆ ಓದಲು, ಕೇಳಲು ಶುರು ಮಾಡಿದ್ದು ಆಗಿನಿಂದಲೇ.

ಫೆಂಗ್ ಅಂದರೆ ಗಾಳಿ, ಶೂಯಿ ಅಂದರೆ ನೀರು. ಗುವೋ ಪು (276–324) ಎಂಬ ಪಂಡಿತನ ಹೆಸರಿನಲ್ಲಿ ಉಳಿದಿರುವ ಹಳೆಯ ಮಾತು ಇದರ ಬುಡದಲ್ಲಿದೆ. 'ಚೀ' ಎಂಬ ಜೀವಶಕ್ತಿ ಗಾಳಿಗೆ ಸಿಕ್ಕರೆ ಚದುರುತ್ತದೆ, ನೀರು ಸಿಕ್ಕಲ್ಲಿ ನಿಲ್ಲುತ್ತದೆ ಎನ್ನುವುದು ಅದರ ಸಾರ. ಅಲ್ಲಿ ಹೇಳಿದ್ದು ಸಮಾಧಿಗೆ ಜಾಗ ಆರಿಸುವ ಬಗ್ಗೆ. ಬದುಕಿರುವವರ ಮನೆಗೂ ಅದೇ ವಿದ್ಯೆ ನಡೆದುಕೊಂಡು ಬಂದಿದೆ. ಉತ್ತರ ಚೀನಾದ ಚಳಿಗಾಲವನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅಲ್ಲಿ ಕೊರೆಯುವ ಗಾಳಿ ಸೈಬೀರಿಯಾ, ಮಂಗೋಲಿಯಾ ಕಡೆಯಿಂದ ಬರುತ್ತದೆ. ಚಳಿಗಾಲದ ಬಿಸಿಲು ದಕ್ಷಿಣದಿಂದ ಬೀಳುತ್ತದೆ. ಹಾಗಾಗಿ ಮನೆಯ ಬೆನ್ನು ಉತ್ತರಕ್ಕೆ, ಮುಖ ದಕ್ಷಿಣಕ್ಕೆ. 1406ರಿಂದ 1420ರವರೆಗೆ ಕಟ್ಟಿದ ಬೀಜಿಂಗ್ ಅರಮನೆಯ ಹೆಬ್ಬಾಗಿಲು ಕೂಡ ದಕ್ಷಿಣಕ್ಕೇ ಇದೆ. ಚಕ್ರವರ್ತಿ ಸಿಂಹಾಸನದಲ್ಲಿ ಕೂರುತ್ತಿದ್ದದ್ದು ದಕ್ಷಿಣಕ್ಕೆ ಮುಖ ಮಾಡಿ.

ನಮಗೆ ಪೂರ್ವ ಶ್ರೇಷ್ಠ. ಬೆಳಗಿನ ಎಳೆಬಿಸಿಲು ಹೊಸ್ತಿಲ ಮೇಲೆ ಬೀಳಬೇಕು. ದಕ್ಷಿಣ ಯಮನದು. ಆದರೆ ನಮ್ಮ ಶಾಸ್ತ್ರವೂ ದಕ್ಷಿಣದ ಬಾಗಿಲನ್ನು ಪೂರ್ತಿ ತಳ್ಳಿಹಾಕಿಲ್ಲ. 81 ಪದಗಳ, ಅಂದರೆ ಚೌಕಗಳ, ವಾಸ್ತು ಮಂಡಲದ ಅಂಚಿನಲ್ಲಿ 32 ಪದಗಳಿವೆ. ಅವುಗಳಲ್ಲಿ ದಕ್ಷಿಣ ಅಂಚಿನ ಗೃಹಕ್ಷತ ಪದದಲ್ಲಿ ಬಾಗಿಲು ಇಡಬಹುದು. ಇದು ನನಗೆ ಗೊತ್ತಾದದ್ದು ಮನೆ ಕೈತಪ್ಪಿದ ಮೇಲೆ.

ಅದಿರಲಿ. ಸಿಂಗಪುರ ಇರುವುದು ಭೂಮಧ್ಯರೇಖೆಯಿಂದ ಸುಮಾರು 1.3 ಡಿಗ್ರಿ ಉತ್ತರಕ್ಕೆ. ವರ್ಷದ ಅರ್ಧ ಭಾಗ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ, ಇನ್ನರ್ಧ ದಕ್ಷಿಣಕ್ಕೆ. ಕೊರೆಯುವ ಚಳಿಗಾಳಿ ಇಲ್ಲವೇ ಇಲ್ಲ. ಇಲ್ಲಿ ಮನೆ ನೋಡುವವರು ಮೊದಲು ಕೇಳುವ ಪ್ರಶ್ನೆ, ಪಡುವಣದ ಬಿಸಿಲು ಒಳಗೆ ಬರುತ್ತದಾ ಅಂತ. ಬಂದರೆ ರಾತ್ರಿ ಹತ್ತಕ್ಕೂ ಗೋಡೆ ಬಿಸಿ. ಚೀನಾದ ಚಳಿಗೆ ಹುಟ್ಟಿದ ದಿಕ್ಕನ್ನೂ ನಮ್ಮ ಊರಿನ ಬಿಸಿಲಿಗೆ ಹುಟ್ಟಿದ ದಿಕ್ಕನ್ನೂ ಇಲ್ಲಿಗೆ ಹೊತ್ತು ತಂದು ಮನೆ ಬಿಡುವುದು ಸರಿಯಲ್ಲ. ನನ್ನ ಅಭಿಪ್ರಾಯ ಈಗ ಇಷ್ಟೇ. ದಿಕ್ಕು ಕೊನೆಗೆ ನೋಡಿ. ಬಾಗಿಲನ್ನು ಮೊದಲು ನೋಡಿ.

ಬಾಗಿಲಿನ ವಿಷಯದಲ್ಲಿ ಫೆಂಗ್ ಶೂಯಿಯಿಂದ ನಾನು ಕಲಿತದ್ದು ಬಹಳ. ತಲೆಬಾಗಿಲು ಅವರಿಗೆ ಮನೆಯ ಬಾಯಿ. ಚೀ ಒಳಗೆ ಬರುವುದು ಅಲ್ಲಿಂದಲೇ. ಬಾಯಿಯ ಎದುರು ತೆರಪಾದ, ಬೆಳಕಿನ ಜಾಗ ಇರಬೇಕು. ಅದಕ್ಕೆ 'ಮಿಂಗ್ ತಾಂಗ್' ಎನ್ನುತ್ತಾರೆ, ಬೆಳಕಿನ ಹಜಾರ ಅಂತ ಅರ್ಥ. ನಮ್ಮ ಅಂಗಳ, ಜಗುಲಿ ಮಾಡುತ್ತಿದ್ದ ಕೆಲಸವೂ ಅದೇ ಅಲ್ವಾ? ಬಂದವರು ಒಂದು ಗಳಿಗೆ ನಿಂತು, ಕಾಲು ತೊಳೆದು, ಉಸಿರು ಬಿಟ್ಟು ಒಳಗೆ ಬರುವ ಜಾಗ. ಫ್ಲ್ಯಾಟಿಗೆ ಬಂದ ನಾವು ಅಂಗಳ ಕಳೆದುಕೊಂಡೆವು, ಸರಿ. ಆದರೆ ಅದರ ಬದಲಿಗೆ ಏನನ್ನೂ ಮಾಡಿಕೊಳ್ಳಲಿಲ್ಲ.

ಇದನ್ನು ನನಗೆ ತೋರಿಸಿಕೊಟ್ಟವರು ಪಕ್ಕದ ಮನೆಯ ಚೀನೀ ಆಂಟಿ. ಎಪ್ಪತ್ತು ದಾಟಿದ ಹೆಂಗಸು. ನಮ್ಮ ಬಾಗಿಲ ಮೇಲೆ ಪ್ಲಾಸ್ಟಿಕ್ ಮಾವಿನ ತೋರಣ ಇತ್ತು. ಕೆಳಗೆ ಹನ್ನೆರಡು ಜೊತೆ ಚಪ್ಪಲಿ, ಬೂಟು, ಮಕ್ಕಳ ಸ್ಕೂಟರ್, ಒಣಗಿದ ಒಂದು ತುಳಸಿ ಕುಂಡ. ಒಂದು ದಿನ ಆಂಟಿ ನಿಂತು ಕೇಳಿದರು, "ಒಳಗೆ ಬರುವ ಒಳ್ಳೆಯದೆಲ್ಲ ಇಷ್ಟನ್ನು ದಾಟಿಕೊಂಡು ಬರಬೇಕಾ?" ಬೈದದ್ದಲ್ಲ, ನಿಜವಾಗಿಯೂ ಕಾಳಜಿಯಿಂದ ಕೇಳಿದ್ದು. ನನಗೆ ನಾಚಿಕೆಯಾಯಿತು. ನಮ್ಮ ಅಜ್ಜಿ ಹೊಸ್ತಿಲ ಮುಂದೆ ಚಪ್ಪಲಿ ಬಿಟ್ಟರೆ ಪಕ್ಕಕ್ಕೆ ಇಡುವವರೆಗೂ ಒಳಗೆ ಬಿಡುತ್ತಿರಲಿಲ್ಲ. ಅದನ್ನು ನಾನು ಮರೆತಿದ್ದೆ.

ಆ ಶನಿವಾರವೇ ಎಲ್ಲ ತೆಗೆದೆವು. ಬಾಗಿಲಿರುವ ಚಪ್ಪಲಿ ಕಪಾಟು ತಂದೆವು. ಸ್ಕೂಟರ್ ಒಳಗೆ ಹೋಯಿತು. ಇಲ್ಲಿ ಬೆಂಕಿ ಸುರಕ್ಷತೆಯ ನಿಯಮವೂ ಇದೆ, ಮನೆಗಳ ಮುಂದಿನ ಕಾರಿಡಾರಿನಲ್ಲಿ 1.2 ಮೀಟರ್ ದಾರಿ ಖಾಲಿ ಬಿಡಬೇಕು. ಬಾಗಿಲ ಹಿಂದೆ ನೇತು ಹಾಕಿದ್ದ ಕೊಡೆ, ಚೀಲ ತೆಗೆದ ಮೇಲೆ ಬಾಗಿಲು ಮೊದಲ ಸಲ ಗೋಡೆಯವರೆಗೂ ತೆರೆಯಿತು. ಬಾಗಿಲು ಪೂರ್ತಿ ತೆರೆಯಬೇಕು ಎನ್ನುವುದು ಫೆಂಗ್ ಶೂಯಿಯ ಮುಖ್ಯ ಮಾತುಗಳಲ್ಲೊಂದು. ಕೀಲು ಕಿರ್ ಅನ್ನಬಾರದು. ಒಳಗೆ ಕಾಲಿಟ್ಟ ಕೂಡಲೇ ಕತ್ತಲೆ ಇರಬಾರದು. ಎದುರಿಗೇ ಕನ್ನಡಿ ಇರಬಾರದು, ಬಂದದ್ದನ್ನು ಅದು ವಾಪಸ್ ಕಳಿಸುತ್ತದೆ. ಎದುರಿಗೇ ಬಚ್ಚಲ ಬಾಗಿಲು ಕಾಣಬಾರದು. ಒಣಗಿದ ಗಿಡ ಬೇಡ. ಇವುಗಳಲ್ಲಿ ಯಾವುದಕ್ಕೂ ನಂಬಿಕೆ ಕೂಡ ಬೇಕಿಲ್ಲ. ದಣಿದು ಮನೆಗೆ ಬಂದವರ ಕಣ್ಣಿಗೆ, ಮೈಗೆ ಇದು ತಾನಾಗಿ ಗೊತ್ತಾಗುತ್ತದೆ.

ಎರಡೂ ಕಡೆಯ ಬಡಗಿಗಳ ಲೆಕ್ಕ ನೋಡಿದಾಗ ನನಗೆ ತುಂಬಾ ಖುಷಿಯಾಯಿತು. ಚೀನೀ ಬಡಗಿಗಳು ಬಾಗಿಲಿನ ಅಳತೆಗೆ ಲೂ ಬಾನ್ ಎಂಬ ಪುರಾತನ ಬಡಗಿಯ ಹೆಸರಿನ ಅಳತೆಕೋಲು ಬಳಸುತ್ತಾರೆ. ಸುಮಾರು 43 ಸೆಂಟಿಮೀಟರ್ ಉದ್ದ. ಅದರಲ್ಲಿ ಎಂಟು ಭಾಗ, ನಾಲ್ಕು ಒಳ್ಳೆಯವು, ನಾಲ್ಕು ಕೆಟ್ಟವು. ಸಂಪತ್ತು, ಕಾಯಿಲೆ, ಅಗಲಿಕೆ, ಹೀಗೆ ಒಂದೊಂದಕ್ಕೂ ಒಂದು ಹೆಸರು. ನಮ್ಮ ಕಡೆ ಮನೆಯ ಅಳತೆಯಿಂದ 'ಆಯ' ನೋಡುತ್ತಾರಲ್ಲ, ಅದೂ ಎಂಟೇ. ಧ್ವಜ, ಧೂಮ, ಸಿಂಹ, ಶ್ವಾನ, ವೃಷಭ, ಖರ, ಗಜ, ಕಾಕ. ಅಲ್ಲೂ ನಾಲ್ಕು ಒಳ್ಳೆಯವು, ನಾಲ್ಕು ಕೆಟ್ಟವು. ಬೀದಿ ನೇರ ಬಂದು ಮನೆಗೆ ಚುಚ್ಚಿದಂತಿದ್ದರೆ ನಾವು ಬೀದಿಶೂಲ ಅನ್ನುತ್ತೇವೆ. ಅವರೂ ಅದಕ್ಕೆ ಹೆದರುತ್ತಾರೆ, ಅಲ್ಲಿ ಒಂದು ಕಲ್ಲು ನೆಡುತ್ತಾರೆ. ಹೊಸ್ತಿಲು ತುಳಿಯಬಾರದು ಎನ್ನುವುದೂ ಇಬ್ಬರಲ್ಲೂ ಇದೆ.

ಒಂದನ್ನು ಮಾತ್ರ ನಾನು ಒಪ್ಪುವುದಿಲ್ಲ. ಬಾಗಿಲ ಮೇಲೆ ಹೊರಮುಖವಾಗಿ ಹಾಕುವ ಎಂಟು ಮೂಲೆಯ 'ಬಾಗುವಾ' ಕನ್ನಡಿ. ಕೆಟ್ಟದ್ದನ್ನು ಅದು ಹಿಂದಕ್ಕೆ ತಿರುಗಿಸುತ್ತದಂತೆ. ಕಾರಿಡಾರಿನಲ್ಲಿ ಹಿಂದಕ್ಕೆ ಅಂದರೆ ಎದುರು ಮನೆಯವರ ಮೇಲೆ. ಇದರಿಂದ ನೆರೆಹೊರೆಯವರು ಮಾತು ಬಿಟ್ಟದ್ದನ್ನು ಕಣ್ಣಾರೆ ಕಂಡಿದ್ದೇನೆ. ನಾವು ಕಟ್ಟುವ ಬೂದುಗುಂಬಳಕಾಯಿ, ದೃಷ್ಟಿಗೊಂಬೆ ಯಾರ ಮನೆಯ ಕಡೆಗೂ ಏನನ್ನೂ ಎಸೆಯುವುದಿಲ್ಲ. ಬಿದ್ದ ದೃಷ್ಟಿಯನ್ನು ತಾವೇ ನುಂಗಿಕೊಳ್ಳುತ್ತವೆ. ಇದರಲ್ಲಿ ನಮ್ಮವರ ದಾರಿಯೇ ಮೇಲು.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದದ್ದು. ನಮ್ಮ ಈಗಿನ ಮನೆಯಲ್ಲಿ ತಲೆಬಾಗಿಲು, ಹಜಾರ, ಅಡುಗೆಮನೆಯ ಕಿಟಕಿ ಒಂದೇ ಗೆರೆಯಲ್ಲಿವೆ. ಬಂದ ಚೀ ನಿಲ್ಲದೆ ಸೀದಾ ಹೊರಗೆ ಹೋಗುತ್ತದೆ, ದುಡ್ಡೂ ಹಾಗೇ ಹೋಗುತ್ತದೆ ಎಂದು ಆಂಟಿ ಬೇಸರ ಮಾಡಿಕೊಂಡರು. ಬಾಗಿಲ ಎದುರು ಒಂದು ಮರದ ತೆರೆ ನಿಲ್ಲಿಸಿ ಅಂದರು. ಬೀಜಿಂಗಿನ ಹಳೆಯ ಅಂಗಳದ ಮನೆಗಳಲ್ಲಿ ಹೆಬ್ಬಾಗಿಲು ಆಗ್ನೇಯ ಮೂಲೆಯಲ್ಲಿರುತ್ತದೆ. ಒಳಗೆ ಕಾಲಿಟ್ಟರೆ ಎದುರಿಗೇ ಒಂದು ಮರೆಗೋಡೆ. ಅದನ್ನು ಬಳಸಿ, ತಿರುಗಿ ಒಳಗೆ ಹೋಗಬೇಕು. 2005ರಲ್ಲಿ ಶುರುವಾದ ಹಾಂಗ್‌ಕಾಂಗ್ ಡಿಸ್ನಿಲ್ಯಾಂಡಿನಲ್ಲೂ ಮುಖ್ಯ ದ್ವಾರವನ್ನು ಫೆಂಗ್ ಶೂಯಿ ಸಲಹೆಯಂತೆ 12 ಡಿಗ್ರಿ ತಿರುಗಿಸಿದರು. ರೈಲು ನಿಲ್ದಾಣದಿಂದ ಬರುವ ದಾರಿಗೆ ಒಂದು ಬಳುಕು ಕೊಟ್ಟರು. ಬಂದ ಭಾಗ್ಯ ನೇರ ಹರಿದು ಸಮುದ್ರಕ್ಕೆ ಹೋಗಬಾರದು ಅಂತ.

ತಿಪಟೂರಿನ ನಮ್ಮ ಮನೆ ಇದಕ್ಕೆ ಪೂರ್ತಿ ಉಲ್ಟಾ. ತಲೆಬಾಗಿಲಲ್ಲಿ ನಿಂತರೆ ಪಡಸಾಲೆ, ನಡುಮನೆ, ಅಡುಗೆಮನೆ ದಾಟಿ ಹಿತ್ತಿಲ ಬಾವಿಕಟ್ಟೆಯವರೆಗೂ ಕಾಣುತ್ತಿತ್ತು. ಏಪ್ರಿಲ್ ತಿಂಗಳಲ್ಲಿ ಎರಡೂ ಬಾಗಿಲು ತೆಗೆದರೆ ತೋಟದ ಗಾಳಿ ಮನೆಯೊಳಗೆ ಆಡುತ್ತಿತ್ತು. ಗಾಳಿಯನ್ನು ತಡೆಯುವ ಊರು ಬೀಜಿಂಗ್, ಗಾಳಿಯನ್ನು ಕರೆಯುವ ಊರು ತಿಪಟೂರು. ಹಾಗಂತ ಆಂಟಿಗೆ ವಿವರಿಸಿದೆ. ಅವರು ಒಪ್ಪಲಿಲ್ಲ.

ಆಮೇಲೆ ಅಮ್ಮ ಬಂದರು, ಮೂರು ತಿಂಗಳಿಗೆ. ಬಂದ ಮೊದಲ ಸಂಜೆ ದೀಪ ಹಚ್ಚುವ ಮುಂಚೆ ಕೇಳಿದರು, "ಇಲ್ಲಿ ಹಿತ್ತಿಲ ಬಾಗಿಲು ಯಾವುದಪ್ಪಾ?" ಇಲ್ಲಮ್ಮಾ, ಇದು ಫ್ಲ್ಯಾಟು ಅಂದೆ. ಒಂದು ಗಳಿಗೆ ಸುಮ್ಮನಿದ್ದರು. ಎದ್ದು ಹೋಗಿ ಅಡುಗೆಮನೆಯ ಕಿಟಕಿ ಹಾಕಿದರು. ವಾಪಸ್ ಬಂದು ತಲೆಬಾಗಿಲು ಪೂರ್ತಿ ತೆಗೆದರು. ಆಮೇಲೆ ದೀಪ ಹಚ್ಚಿದರು. ಮುಸ್ಸಂಜೆ ಲಕ್ಷ್ಮಿ ಬರುವ ಹೊತ್ತು, ಮುಂದಿನಿಂದ ಬಂದವಳು ಹಿಂದಿನಿಂದ ಹೋಗಬಾರದು ಎಂದು ಊರಲ್ಲಿ ದಿನಾ ಮಾಡುತ್ತಿದ್ದದ್ದೇ ಇದು.

ನಾನು ಅಲ್ಲೇ ಕೂತುಬಿಟ್ಟೆ. ಆಂಟಿ ಹೇಳಿದ ದೋಷ ಅಮ್ಮನಿಗೂ ಗೊತ್ತಿದೆ! ಚೀನಾದವರು ಅದಕ್ಕೆ ಜಾಗದಲ್ಲಿ ಪರಿಹಾರ ಹುಡುಕಿದರು, ಒಂದು ಗೋಡೆ ಕಟ್ಟಿದರು. ನಮ್ಮವರು ಹೊತ್ತಿನಲ್ಲಿ ಹುಡುಕಿದರು. ಹಗಲೆಲ್ಲ ಗಾಳಿಗೆ ಎರಡೂ ಬಾಗಿಲು ತೆರೆದಿರಲಿ, ಮುಸ್ಸಂಜೆಗೆ ಹಿಂದಿನದು ಮುಚ್ಚಲಿ. ನಮ್ಮ ಬಾಗಿಲ ಶಾಸ್ತ್ರದ ಬಹುಪಾಲು ಹೀಗೆ ಹೊತ್ತಿಗೆ ಕಟ್ಟಿದ್ದು. ಬೆಳಗ್ಗೆ ಬಾಗಿಲಿಗೆ ನೀರು ಹಾಕಬೇಕು, ರಂಗೋಲಿ ಇಡಬೇಕು. ಶುಕ್ರವಾರ ಹೊಸ್ತಿಲಿಗೆ ಅರಿಶಿನ ಕುಂಕುಮ. ಹಬ್ಬಕ್ಕೆ ಹಸಿ ಮಾವಿನೆಲೆ. ದೀಪ ಹಚ್ಚಿದ ಮೇಲೆ ಕಸ ಗುಡಿಸಬಾರದು.

ಹೊರನಾಡಿಗೆ ಬರುವಾಗ ನಾವು ತಂದದ್ದು ದಿಕ್ಕನ್ನು ಮಾತ್ರ. ಹೊತ್ತನ್ನು ಊರಲ್ಲೇ ಬಿಟ್ಟು ಬಂದೆವು. ದಿಕ್ಕು ತರುವುದು ಸುಲಭ, ಮನೆ ಕೊಳ್ಳುವಾಗ ಒಂದು ಸಲ ನೋಡಿದರೆ ಮುಗಿಯಿತು. ಸಲಹೆ ಕೊಡುವವರೂ ಅದನ್ನೇ ಹೇಳುತ್ತಾರೆ. ನನಗೆ ಫೋನಿನಲ್ಲಿ ಸಲಹೆ ಕೊಟ್ಟವರು ಬೆಳಗ್ಗೆ ಬಾಗಿಲು ತೊಳೆಯಿರಿ ಅಂತ ಒಂದು ಮಾತು ಹೇಳಲಿಲ್ಲ. ಇಲ್ಲಿನ ಫೆಂಗ್ ಶೂಯಿ ಸಲಹೆಗಾರರೂ ಹಾಗೇ. ನಮ್ಮ ಲೆಕ್ಕದಲ್ಲಿ 2024ಕ್ಕೆ 20 ವರ್ಷದ ಹೊಸ ಒಂಬತ್ತನೇ ಅವಧಿ ಶುರುವಾಯಿತು, ಬಾಗಿಲು ಬದಲಿಸಿ, ಬಣ್ಣ ಬದಲಿಸಿ ಅನ್ನುತ್ತಾರೆ.

ಆದರೆ ಆಂಟಿಗೆ ಹೊತ್ತು ಗೊತ್ತಿದೆ. ಅವರ ಬಾಗಿಲ ಪಕ್ಕದಲ್ಲಿ ಆಕಾಶದೇವರಿಗೆ ಒಂದು ಸಣ್ಣ ಕೆಂಪು ಗೂಡಿದೆ. ಬೆಳಗ್ಗೆ, ಸಂಜೆ ಅಲ್ಲಿ ಊದುಬತ್ತಿ ಹಚ್ಚುತ್ತಾರೆ. ಚೀನೀ ಹೊಸ ವರ್ಷದ ಮುಂಚೆ ಇಡೀ ಮನೆ ತೊಳೆದು ಬಾಗಿಲಿಗೆ ಕೆಂಪು ಕಾಗದ ಅಂಟಿಸುತ್ತಾರೆ. ಹೊಸ ವರ್ಷದ ದಿನ ಪೊರಕೆ ಮುಟ್ಟುವುದಿಲ್ಲ, ಭಾಗ್ಯ ಗುಡಿಸಿಹೋಗುತ್ತದೆ ಅಂತ. ಅಮ್ಮನಿಗೆ ಕನ್ನಡ ಬಿಟ್ಟರೆ ಬೇರೆ ಬಾರದು. ಆಂಟಿಯ ಮನೆಮಾತು ಹೊಕ್ಕಿಯನ್. ಆದರೂ ಬೆಳಗ್ಗೆ ಆರೂವರೆಗೆ, ಇನ್ನೂ ಬೆಳಕು ಹರಿಯುವ ಮುಂಚೆ, ಇಬ್ಬರೂ ಕಾರಿಡಾರಿನಲ್ಲಿ ಇರುತ್ತಿದ್ದರು. ಅಮ್ಮ ಬಗ್ಗಿ ರಂಗೋಲಿಯ ಎಳೆ ಎಳೆಯುವರು. ಆಂಟಿ ಊದುಬತ್ತಿ ಹಿಡಿದು ಅದನ್ನು ತುಳಿಯದಂತೆ ಗೋಡೆಗೆ ಸರಿದು ನಿಲ್ಲುವರು.

ಮರದ ತೆರೆಯನ್ನು ನಾವು ಇನ್ನೂ ತಂದಿಲ್ಲ. ತರುವುದೂ ಇಲ್ಲ. ಹಜಾರದಲ್ಲಿ ಕೂತವರಿಗೆ ಬಾಗಿಲಿಗೆ ಯಾರು ಬಂದರು ಎಂದು ಕಾಣಬೇಕು, ಬಂದವರಿಗೆ ಒಳಗೆ ಯಾರಿದ್ದಾರೆ ಎಂದು ಕಾಣಬೇಕು. ಅದು ನನಗೆ ಬೇಕು. ಇಲ್ಲಿ ವರ್ಷವಿಡೀ ಸೂರ್ಯ ಮುಳುಗುವುದು ಸಂಜೆ ಏಳರ ಆಸುಪಾಸಿಗೆ. ಆ ಹೊತ್ತಿಗೆ ಅಡುಗೆಮನೆಯ ಕಿಟಕಿ ಹಾಕಿ ತಲೆಬಾಗಿಲು ತೆಗೆಯುತ್ತೇವೆ. ಆಫೀಸಿನಿಂದ ನಾವು ತಡವಾಗಿ ಬಂದ ದಿನ ಮಗಳು ಮಾಡುತ್ತಾಳೆ.

ಕಳೆದ ವಾರ ಆಂಟಿ ಕೇಳಿದರು, ಅಮ್ಮ ಮತ್ತೆ ಯಾವಾಗ ಬರುತ್ತಾರೆ ಅಂತ. ಯುಗಾದಿಗೆ ಅಂದೆ. ನಮ್ಮವರ ಅಂಗಡಿಗಳಿರುವ ಸೆರಂಗೂನ್ ರಸ್ತೆಯಿಂದ ಮಾವಿನೆಲೆ ತರುವಾಗ ತಮ್ಮ ಬಾಗಿಲಿಗೂ ಒಂದು ಕಟ್ಟು ತರಬೇಕು ಅಂದರು.