ಉಮಾ, ವನೆಸ್ಸಾ ಮತ್ತು ನಮ್ಮ ಮನೆಯ ಕಂಪ್ಯೂಟರು

ಒಂದೇ ಒಂದು ಹಾಳೆ ಪ್ರಿಂಟ್ ತೆಗೆಯಬೇಕಿತ್ತು, ಅಷ್ಟೇ. ಮಗಳು ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಹೆಂಡತಿ "ರೀ, ಆಯ್ತಾ?" ಅಂತ ಮೂರನೇ ಸಲ ಕೇಳಿದ್ದಳು. ನಮ್ಮ ಪ್ರಿಂಟರ್ ಕೂಡ ಅಪರೂಪಕ್ಕೆ ಮುನಿಸಿಕೊಳ್ಳದೆ, ಹಸಿರು ದೀಪ ಹೊತ್ತಿಸಿಕೊಂಡು, ಒಳ್ಳೇ ಹುಡುಗನ ಹಾಗೆ ಕಾದಿತ್ತು. ಸರಿಯಾಗಿ ಆಗಲೇ ಪರದೆ ತುಂಬ ಒಂದು ನೋಟಿಸು ಬಂದು ಕೂತಿತು. ಸಾರಾಂಶ ಇಷ್ಟು: ನಿಮ್ಮ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್‌ಗೆ ಬೆಂಬಲ ಮುಗಿದಿದೆ. ಕೆಳಗೆ ಎರಡು ಗುಂಡಿ. ಒಂದು, ಇನ್ನಷ್ಟು ತಿಳಿಯಿರಿ. ಇನ್ನೊಂದು, ನಂತರ ನೆನಪಿಸಿ. "ನನ್ನ ಪಾಡಿಗೆ ನನ್ನನ್ನು ಬಿಡು ಮಾರಾಯ" ಅನ್ನುವ ಮೂರನೇ ಗುಂಡಿ ಇಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಇಷ್ಟು ವರ್ಷ ನನ್ನ ಬೆನ್ನಿಗೆ ಯಾರೋ ನಿಂತಿದ್ದರು ಅನ್ನುವುದು ಅವರು ಎದ್ದು ಹೊರಟ ದಿನವೇ ನನಗೆ ಗೊತ್ತಾದದ್ದು.

ವಿಷಯ ನಿಮಗೂ ಗೊತ್ತಿರುತ್ತದೆ. ವಿಂಡೋಸ್ 10 ಬಂದದ್ದು 2015ರ ಜುಲೈ 29ಕ್ಕೆ, ಅದರ ಬೆಂಬಲ ಮುಗಿದದ್ದು 2025ರ ಅಕ್ಟೋಬರ್ 14ಕ್ಕೆ. ಬೇಕೆಂದು ನೋಂದಾಯಿಸಿಕೊಂಡವರಿಗೆ ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರ ತನಕ, ಭದ್ರತೆಯ ಅಪ್‌ಡೇಟುಗಳಷ್ಟೇ ಬರುತ್ತವೆ. ಹನ್ನೊಂದಕ್ಕೆ ಏರೋಣ ಅಂದರೆ ಯಂತ್ರದಲ್ಲಿ ಟಿಪಿಎಂ 2.0 ಇರಬೇಕು, ಪ್ರೊಸೆಸರಿನ ಹೆಸರು ಪಟ್ಟಿಯಲ್ಲಿರಬೇಕು. 2016ರಲ್ಲಿ ಕೊಂಡ ನಮ್ಮ ಯಂತ್ರ ಎರಡರಲ್ಲೂ ನಪಾಸು. ಟಿಪಿಎಂ ಅಂದರೆ ಗುಪ್ತ ಕೀಲಿಗಳನ್ನು ಜೋಪಾನವಾಗಿ ಕಾಯುವ ವ್ಯವಸ್ಥೆಯಂತೆ. ನಮ್ಮ ಕಂಪ್ಯೂಟರಿನಲ್ಲಿ ಇರುವುದು ಹಳೇ ಬಿಲ್ಲುಗಳು, ಮಗಳು ಮೂರನೇ ವಯಸ್ಸಿನಲ್ಲಿ ಗೀಚಿದ ಒಂದು ಆನೆ (ಅದು ಆನೆ ಅಂತ ಅವಳೇ ಹೇಳಿದ್ದು) ಮತ್ತು ಯಾರದೋ ಮದುವೆಯ ನಾನೂರು ಫೋಟೋ. ಇದನ್ನೆಲ್ಲ ಕದಿಯಲು ಬಂದವನಿಗೆ ಪೆನ್‌ಡ್ರೈವ್ ನಾನೇ ಕೊಟ್ಟೇನು.

ಆಫೀಸಿನ ಗೆಳೆಯರೊಬ್ಬರು "ಮ್ಯಾಕ್ ತಗೊಂಡುಬಿಡಿ" ಅಂದರು. ಆ ಆಪರೇಟಿಂಗ್ ಸಿಸ್ಟಮ್ ಬೇಕಾದರೆ ಆ ಯಂತ್ರವನ್ನೇ ಕೊಳ್ಳಬೇಕು. ಚಪ್ಪಲಿ ಕಚ್ಚುತ್ತದೆ ಅಂದವನಿಗೆ ಕಾಲು ಬದಲಾಯಿಸು ಅಂದ ಹಾಗಾಯಿತು. ಅಲ್ಲಿಗೆ ಆ ಮಾತು ಮುಗಿಯಿತು.

ಇಲ್ಲಿಯತನಕ ಎಲ್ಲ ಸರಿಯಾಗೇ ಇತ್ತು. ನಾನು ಮಾಡಿದ ತಪ್ಪೆಂದರೆ, ಇದನ್ನು ಭಾವಮೈದುನನಿಗೆ ಹೇಳಿದ್ದು.

ಅವನು ಲಿನಕ್ಸ್ ಜಾತಿಯವನು. ಲಿನಕ್ಸ್ ಅಂದರೆ ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಇನ್ನೊಂದು ಆಪರೇಟಿಂಗ್ ಸಿಸ್ಟಮ್. ಫ್ಯಾನು ಸದ್ದು ಮಾಡುತ್ತದೆ ಅಂದರೆ "ಲಿನಕ್ಸ್ ಹಾಕಿ ಭಾವ." ಇಂಟರ್ನೆಟ್ ನಿಧಾನ ಅಂದರೆ "ಲಿನಕ್ಸ್ ಹಾಕಿ ಭಾವ." ಒಮ್ಮೆ ಸೊಂಟ ಹಿಡಿದುಕೊಂಡಿದೆ ಅಂದಾಗಲೂ ಅವನ ಬಾಯಿ ಆ ಆಕಾರಕ್ಕೆ ತಿರುಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವನ ಕಂಪ್ಯೂಟರಿನಲ್ಲಿ ತಿಂಗಳಿಗೊಂದು ಬಗೆಯ ಲಿನಕ್ಸ್ ಇರುತ್ತದೆ. ಒಂದನ್ನು ಹಾಕುತ್ತಾನೆ, ಅಂದಗೊಳಿಸುತ್ತಾನೆ, ಹಿನ್ನೆಲೆಗೆ ಬೆಟ್ಟದ ಚಿತ್ರ ಇಡುತ್ತಾನೆ, ಫೋಟೋ ತೆಗೆದು ನಮಗೆಲ್ಲ ಕಳಿಸುತ್ತಾನೆ, ಮರುವಾರ ಅಳಿಸಿ ಇನ್ನೊಂದು. ಅದರಲ್ಲಿ ಕೂತು ಅವನು ಒಂದು ಕಾಗದ ಬರೆದದ್ದನ್ನು ಮಾತ್ರ ಯಾರೂ ನೋಡಿಲ್ಲ. ಮನೆ ಕಟ್ಟುವುದರಲ್ಲೇ ಖುಷಿ, ಸಂಸಾರ ಹೂಡುವುದರಲ್ಲಿ ಇಲ್ಲ. ಅತ್ತೆ ಈ ಮಾತನ್ನು ಅವನ ಕಂಪ್ಯೂಟರಿಗಷ್ಟೇ ಹೇಳುವುದಿಲ್ಲ.

ಅವತ್ತೂ ಭಾಷಣ ಶುರುವಾಯಿತು. 1991ರ ಆಗಸ್ಟ್ 25, ಹೆಲ್ಸಿಂಕಿ, ಲಿನಸ್ ಟೊರ್ವಾಲ್ಡ್ಸ್ ಎಂಬ ಇಪ್ಪತ್ತೊಂದರ ವಿದ್ಯಾರ್ಥಿ. ಹವ್ಯಾಸಕ್ಕೆ ಮಾಡ್ತಿದ್ದೀನಿ, ಇದೇನೂ ದೊಡ್ಡದಾಗಲ್ಲ ಅಂತ ಅವನೇ ಬರೆದುಕೊಂಡಿದ್ದ. "ಈಗ ನೋಡಿ ಭಾವ, ಜಗತ್ತಿನ ಅತಿ ವೇಗದ ಐನೂರು ಸೂಪರ್‌ಕಂಪ್ಯೂಟರ್‌ಗಳ ಪಟ್ಟಿ ಮಾಡ್ತಾರಲ್ಲ, 2017ರಿಂದ ಆ ಐನೂರಕ್ಕೆ ಐನೂರೂ ಲಿನಕ್ಸೇ. ನಿಮ್ಮ ಕೈಲಿರೋ ಆಂಡ್ರಾಯ್ಡ್ ಫೋನಿನ ಹೊಟ್ಟೆಯಲ್ಲೂ ಅದೇ."

"ಐನೂರು ಸೂಪರ್‌ಕಂಪ್ಯೂಟರ್ ಇರಲಿ ಕಣಯ್ಯ, ನಮ್ಮ ಪ್ರಿಂಟರ್ ನಡೆಯುತ್ತಾ?"

ಆ ಕಡೆ ಒಂದು ಕ್ಷಣ ಸದ್ದಿಲ್ಲ. "ಮಾಡೆಲ್ ಯಾವುದು ಭಾವ?"

ಲಿನಕ್ಸ್ ಹಾಕುವುದು ಅಂದರೆ ಒಂದು ತೀರ್ಮಾನ ಅಂದುಕೊಂಡಿದ್ದೆ. ಅಲ್ಲ. ಯಾವ ಲಿನಕ್ಸ್ ಅನ್ನುವುದರಲ್ಲಿ ಅಸಲಿ ಕಥೆ ಇರುವುದು. ನೂರಾರು ಇವೆ. ಡೆಬಿಯನ್ ಅಂತ ಒಂದು, ಅದನ್ನು 1993ರಲ್ಲಿ ಶುರು ಮಾಡಿದ ಇಯಾನ್ ತನ್ನ ಗೆಳತಿ ಡೆಬ್ರಾಳ ಹೆಸರನ್ನು ಮುಂದೆ ಹಾಕಿ, ಹಿಂದೆ ತನ್ನದನ್ನು ಜೋಡಿಸಿದ. ಉಬುಂಟು ಅಂತ ಇನ್ನೊಂದು, ಅದರ ಪ್ರತಿ ಆವೃತ್ತಿಗೂ ಒಂದು ಪ್ರಾಣಿಯ ಹೆಸರು. 2004ರ ಮೊದಲನೆಯದು ಕಾಡುಹಂದಿ. ನನಗೆ, ಅಂದರೆ ನನ್ನ ಹಳೇ ಯಂತ್ರಕ್ಕೆ, ಅವನು ಆರಿಸಿದ್ದು ಮಿಂಟ್. ಇದರ ಆವೃತ್ತಿಗಳಿಗೆ ಹೆಂಗಸರ ಹೆಸರು. 2006ರಲ್ಲಿ ಆಡಾಳಿಂದ ಶುರುವಾಗಿ ಅಕ್ಷರಮಾಲೆಯಲ್ಲಿ ಸಾಲಾಗಿ ಬರುತ್ತಾರೆ. ಇಪ್ಪತ್ತನೆಯದರ ಸಾಲಿನಲ್ಲಿ ಉಲ್ಯಾನಾ, ಉಲಿಸ್ಸಾ, ಉಮಾ, ಉನಾ. ಆಮೇಲೆ ವನೆಸ್ಸಾ, ವೆರಾ. ಹೀಗೆ.

ಈ ಹೆಸರಿನ ವಿಷಯ ನನಗಾದರೂ ಮೊದಲೇ ಗೊತ್ತಿತ್ತು. ಪಕ್ಕದ ಕೋಣೆಯಲ್ಲಿ ಟೀವಿ ನೋಡುತ್ತಿದ್ದ ಅತ್ತೆಗೆ ಗೊತ್ತಿರಲಿಲ್ಲ. ಫೋನು ಸ್ಪೀಕರಿನಲ್ಲಿತ್ತು.

"ಉಮಾ ಬೇಡ ಭಾವ. ಉಮಾ ಕಥೆ ಏಪ್ರಿಲ್‌ನಲ್ಲೇ ಮುಗೀತು."

ಟೀವಿಯ ಸದ್ದು ಒಂದು ಮೆಟ್ಟಿಲು ಇಳಿಯಿತು.

"ಪೂರ್ತಿ ಒಂದು ವರ್ಷ ಇದ್ದೆ ಅವಳ ಜೊತೆ. ನನಗೆ ಅದು ದಾಖಲೆ. ಒಂದು ದಿನ ತೊಂದರೆ ಕೊಟ್ಟವಳಲ್ಲ. ಆಮೇಲೆ ವನೆಸ್ಸಾ ಬಂದಳಲ್ಲ, ಬಿಟ್ಟುಬಿಟ್ಟೆ."

ಟೀವಿ ಪೂರ್ತಿ ಬಾಯಿ ಮುಚ್ಚಿತು.

"ಈಗ ಜಾರಾ ಜೊತೆ ಇದ್ದೀನಿ. ಚೆನ್ನಾಗಿದ್ದಾಳೆ ಭಾವ, ಹಗುರ, ಚುರುಕು. ನೀವೂ ಒಂದು ವಾರ ಸುಮ್ಮನೆ ಇಟ್ಕೊಂಡು ನೋಡಿ, ಇಷ್ಟವಾಗದಿದ್ರೆ ತೆಗೆದುಹಾಕಿದ್ರಾಯ್ತು. ಅಕ್ಕನದು ಪಕ್ಕದಲ್ಲಿ ಹಾಗೇ ಇರುತ್ತೆ. ಅಕ್ಕನಿಗೆ ಗೊತ್ತೇ ಆಗಲ್ಲ."

ತಲೆಯೆತ್ತಿದರೆ ಬಾಗಿಲಲ್ಲಿ ಅತ್ತೆ, ಕೈಯಲ್ಲಿ ರಿಮೋಟು. ಅವರ ಹಿಂದೆ ಅಕ್ಕ, ಅಂದರೆ ನನ್ನ ಹೆಂಡತಿ.

"ಉಮಾ ಯಾರು?" ಅಂದರು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ. ಏನಿತ್ತು ಅನ್ನುವುದು ನನಗೆ ಆಮೇಲೆ ಅರ್ಥವಾಯಿತು.

"ಅತ್ತೆ, ಅದು ಕಂಪ್ಯೂಟರಿನ ಒಳಗೆ ಇರುತ್ತಲ್ಲ, ಆಪರೇಟಿಂಗ್..."

"ಆಪರೇಷನ್ನಾ?"

ಇನ್ನು ಮುಂದಿನದು ನನ್ನ ಕೈಲಿರಲಿಲ್ಲ. ಫೋನು ಅವರ ಕೈಗೆ ಹೋಯಿತು. "ಏನೋ ಇದು? ಒಂದು ವರ್ಷ ಅಂತೀಯ, ನಮಗೊಂದು ಮಾತು ಹೇಳಬಾರದಿತ್ತಾ? ನಾವೇನು ಬೇಡ ಅಂತಿದ್ವಾ?"

"ಅಮ್ಮ, ಉಮಾ ಅಂದ್ರೆ ವರ್ಷನ್ ಅಮ್ಮ!"

"ವರ್ಷ ಎಷ್ಟಾದ್ರೂ ಆಗಿರಲಿ. ಎಷ್ಟು?"

"ಇಪ್ಪತ್ತು ಪಾಯಿಂಟ್ ಎರಡು."

ಅತ್ತೆ ನನ್ನ ಕಡೆ ತಿರುಗಿದರು. "ಇಪ್ಪತ್ತೆರಡಂತೆ. ಇವನಿಗೆ ಮೂವತ್ನಾಲ್ಕು." ಮತ್ತೆ ಫೋನಿಗೆ, "ಆ ಹುಡುಗೀನ ಯಾಕೋ ಬಿಟ್ಟೆ?"

"ಸಪೋರ್ಟ್ ನಿಂತುಹೋಯ್ತಮ್ಮ!"

"ಯಾರ ಸಪೋರ್ಟು? ನಾನು ಸತ್ತಿದ್ನಾ?"

ನನ್ನ ಹೆಂಡತಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಭುಜ ಕುಲುಕುವುದು ಮಾತ್ರ ಕಾಣುತ್ತಿತ್ತು. ಹತ್ತು ನಿಮಿಷ ಹಿಡಿಯಿತು ಎಲ್ಲ ಬಿಡಿಸಿ ಹೇಳಲು. ಪರದೆಯ ಮೇಲೆ ಹೆಸರಿನ ಪಟ್ಟಿಯನ್ನೇ ತೆರೆದು ತೋರಿಸಿದೆ. ಅತ್ತೆ ಕನ್ನಡಕ ಏರಿಸಿ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದರು. "ಇಷ್ಟೊಂದು ಜನ ಇದ್ದಾರೆ, ಒಬ್ಬಳೂ ನಿಜ ಅಲ್ಲವಾ?" ಅಂದರು. ಹೋಗಿ ಟೀವಿ ಹಾಕಿಕೊಂಡರು. ನಾವಿಬ್ಬರೂ ಆಮೇಲೆ ನಕ್ಕೆವು ನಿಜ, ಆದರೆ ಹತ್ತು ನಿಮಿಷದ ಮಟ್ಟಿಗೆ ಅವರಿಗೊಬ್ಬ ಸೊಸೆ ಇದ್ದಳು.

ಭಾನುವಾರ ಮುಹೂರ್ತ ಇಟ್ಟೆವು. ಮೊದಲು ಎಲ್ಲ ಫೈಲುಗಳ ನಕಲು ತೆಗೆದಿಟ್ಟುಕೊಳ್ಳಿ ಅಂತ ಭಾವಮೈದುನನ ಅಪ್ಪಣೆ. ಅವನ ಈ ಒಂದು ಮಾತು ಮಾತ್ರ ಯಾವ ಆಪರೇಟಿಂಗ್ ಸಿಸ್ಟಮ್‌ಗಾದರೂ ಸಲ್ಲುತ್ತದೆ. ಕೂತು ಅಗೆಯತೊಡಗಿದೆ. ನ್ಯೂ ಫೋಲ್ಡರ್, ನ್ಯೂ ಫೋಲ್ಡರ್ 2, ಫೈನಲ್, ಫೈನಲ್ ಹೊಸದು, ಇದೇ ಫೈನಲ್. ಒಂದರ ಒಳಗೆ ನೋಟ್‌ಪ್ಯಾಡಿನ ನಾಲ್ಕು ಫೈಲು: ಅಪ್ಪ, ಅಪ್ಪ1, ಅಪ್ಪ2, ಅಪ್ಪ3. ಕಂಪ್ಯೂಟರು ಬಂದ ವರ್ಷ ಅಪ್ಪ ನಮ್ಮ ಮನೆಯಲ್ಲಿದ್ದರು. ಟೈಪ್ ಮಾಡುವುದನ್ನು ಕಲಿಸಿ ಅಂತ ಅವರೇ ಕೇಳಿದ್ದರು, ನಾನು ಎರಡು ಸಂಜೆ ಕಲಿಸಿ, ಮೂರನೇ ಸಂಜೆ ಕೆಲಸವಿದೆ ಅಂದಿದ್ದೆ. ನಾಲ್ಕರಲ್ಲೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಒಂದೇ ಕನ್ನಡ ವಾಕ್ಯ: ಬರೆದದ್ದು ಉಳಿಯಿತೋ ಇಲ್ಲವೋ ಗೊತ್ತಾಗಲಿಲ್ಲ, ಇನ್ನೊಮ್ಮೆ ಬರೆಯುತ್ತೇನೆ.

ನಾಲ್ಕೂ ಸೇರಿದರೆ ಅರ್ಧ ಕೆಬಿ ಕೂಡ ಇಲ್ಲ. ಮೂರು ಕಡೆ ನಕಲು ಮಾಡಿಟ್ಟೆ.

ಸಂಜೆಯ ಹೊತ್ತಿಗೆ ಜಾರಾ ಬಂದಳು. ಹಳೆಯದನ್ನೂ ಅಳಿಸಲಿಲ್ಲ, ಡಿಸ್ಕಿನಲ್ಲಿ ಒಂದಿಷ್ಟು ಜಾಗ ಬಿಡಿಸಿಕೊಂಡು ಇಬ್ಬರನ್ನೂ ಒಂದೇ ಸೂರಿನಡಿ ಇರಿಸಿದ್ದಾಯಿತು. ಕಂಪ್ಯೂಟರ್ ಹೊತ್ತಿಸಿದರೆ ಕಪ್ಪು ಪರದೆಯಲ್ಲಿ ಒಂದು ಪಟ್ಟಿ ಬರುತ್ತದೆ, ಮೇಲೆ ಮಿಂಟ್, ತಳದಲ್ಲಿ ವಿಂಡೋಸ್. ಹತ್ತು ಸೆಕೆಂಡಿನೊಳಗೆ ಕೆಳಗಿಳಿದು ಎಂಟರ್ ಒತ್ತದಿದ್ದರೆ ಮೇಲಿನದೇ ಶುರುವಾಗುತ್ತದೆ. ನನ್ನ ಹೆಂಡತಿ ಗುಂಡಿ ಒತ್ತಿ ಬೇರೆ ಕೆಲಸಕ್ಕೆ ಹೋಗುವವಳು. ವಾಪಸು ಬರುವಷ್ಟರಲ್ಲಿ ಹತ್ತು ಸೆಕೆಂಡು ಯಾವ ಕಾಲಕ್ಕೋ ಮುಗಿದಿರುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ದಿನಕ್ಕೊಮ್ಮೆಯಾದರೂ ಕೇಳಿಬರುವ ಮಾತು: "ರೀ, ಮತ್ತೆ ಅವಳೇ ಬಂದಿದ್ದಾಳೆ!"

ಇಬ್ಬರೂ ಒಂದೇ ಮನೆಯಲ್ಲಿದ್ದ ಮೇಲೆ ಜಗಳ ಬರದೆ ಇರುತ್ತದೆಯೇ? ಮೊದಲ ಜಗಳ ಗಡಿಯಾರಕ್ಕೆ. ಯಂತ್ರದ ಒಳಗಿನ ಗಡಿಯಾರದಲ್ಲಿ ಇರುವುದು ಊರಿನ ಸಮಯ ಅಂತ ಒಬ್ಬರ ನಂಬಿಕೆ, ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯ, ಅಂತ ಇನ್ನೊಬ್ಬರದು. ಒಂದು ಸಂಜೆ ಏಳಕ್ಕೆ ಕೆಳಗಿನದನ್ನು ತೆರೆದರೆ ಮೂಲೆಯಲ್ಲಿ ಮಧ್ಯಾಹ್ನ ಒಂದೂವರೆ. ಮಗಳಿಗೆ ಬಹಳ ಸಂತೋಷವಾಯಿತು, ಹೋಂವರ್ಕಿಗೆ ಇನ್ನೂ ಸಮಯವಿದೆ ಅಂತ ಪುರಾವೆ ಸಮೇತ ವಾದಿಸಿದಳು. ಭಾವಮೈದುನ ಒಂದು ಸಾಲಿನ ಆಜ್ಞೆ ಕಳಿಸಿದ, ಅದನ್ನು ಅಕ್ಷರ ಬಿಡದೆ ಟೈಪಿಸಿದ ಮೇಲೆ ಇಬ್ಬರೂ ಒಂದೇ ಗಂಟೆಗೆ ಬಂದರು.

ಪ್ರಿಂಟರ್ ವಿಷಯ ಕೇಳಿದಿರಾ? ಜಾರಾ ನೋಡಿದ ಕೂಡಲೇ ಗುರುತು ಹಿಡಿದಳು, ಮೊದಲ ಪ್ರಯತ್ನದಲ್ಲೇ ಹಾಳೆ ಹೊರಗೆ ಬಂತು. ನಾನು ಭಾವಮೈದುನನಿಗೆ ಫೋನ್ ಮಾಡಿ ಹೊಗಳಿಯೂಬಿಟ್ಟೆ. ಮರುದಿನ ತಿಳಿಯಿತು, ಅದೇ ಪೆಟ್ಟಿಗೆಯ ಸ್ಕ್ಯಾನರ್ ಮಾತ್ರ ಅವಳಿಗೆ ಕಣ್ಣಿಗೇ ಬೀಳುವುದಿಲ್ಲ. ಹೀಗಾಗಿ ಈಗ ಒಂದು ಅರ್ಜಿಯನ್ನು ಮೇಲಿನದರಲ್ಲಿ ಪ್ರಿಂಟ್ ಮಾಡಿ, ಸಹಿ ಹಾಕಿ, ಕಂಪ್ಯೂಟರ್ ಆರಿಸಿ ಮತ್ತೆ ಹೊತ್ತಿಸಿ, ಪಟ್ಟಿಯ ಎದುರು ಉಸಿರು ಬಿಗಿಹಿಡಿದು ಕೂತು, ಹತ್ತು ಸೆಕೆಂಡಿನೊಳಗೆ ಕೆಳಗಿಳಿದು, ನಂತರ ನೆನಪಿಸಿ ಎಂಬ ಗುಂಡಿ ಒತ್ತಿ, ಸ್ಕ್ಯಾನ್ ಮಾಡುತ್ತೇನೆ. ಅವತ್ತಿನ ಒಂದು ಹಾಳೆಗಾಗಿ ಶುರುವಾದದ್ದು ಇದೆಲ್ಲ. ಮಗಳು ಅವತ್ತು ಆ ಹಾಳೆಯನ್ನು ಗೆಳತಿಯ ಮನೆಯಲ್ಲಿ ಪ್ರಿಂಟ್ ತೆಗೆಸಿಕೊಂಡಳು.

ನಿನ್ನೆ ರಾತ್ರಿ ಸ್ಕ್ಯಾನ್ ಮುಗಿಸಿ ಏಳುತ್ತಿದ್ದಾಗ ಫೋನು ಬಂತು. ಸ್ಪೀಕರ್ ಆರಿಸುವುದನ್ನು ನಾನಿನ್ನೂ ಕಲಿತಿಲ್ಲ.

"ಭಾವ, ಜಾರಾನ ಬಿಟ್ಟೆ. ಜೀನಾ ಬಂದಿದ್ದಾಳೆ!"

ಪಕ್ಕದ ಕೋಣೆಯಲ್ಲಿ ಟೀವಿಯ ಸದ್ದು ಒಂದು ಮೆಟ್ಟಿಲು ಇಳಿಯಿತು.