ಟೊಂಕ ಹಿಡಿದವರಿಗೆ ಯಾರೂ ಕೂರಿಸಿ ಹೇಳದ ಮಾತು

ಎಡಗಾಲಿಗೆ ಸಾಕ್ಸ್ ಹಾಕಿಕೊಳ್ಳಲು ನನಗೆ ಆಗ ಹತ್ತು ನಿಮಿಷ ಬೇಕಾಗುತ್ತಿತ್ತು. ಬಗ್ಗಿದರೆ ಸಾಕು, ಟೊಂಕದಿಂದ ಒಂದು ಚಳುಕು ಹೊರಡುತ್ತಿತ್ತು. ಕುಂಡಿ, ತೊಡೆಯ ಹಿಂಭಾಗ, ಮೀನಖಂಡ ಎಲ್ಲಾ ದಾಟಿ ಹೆಬ್ಬೆರಳಿಗೆ ಬಂದು ನಿಲ್ಲುತ್ತಿತ್ತು. ಕರೆಂಟ್ ಹೊಡೆದ ಹಾಗೆ. ಕೊನೆಗೆ ಮಗಳೇ ಮಂಚದ ಮುಂದೆ ಕೂತು ಸಾಕ್ಸ್ ಹಾಕುತ್ತಿದ್ದಳು. ಎರಡನೇ ಕ್ಲಾಸಿನ ಹುಡುಗಿ. "ಪಪ್ಪಾ, ನೋವಾದ್ರ ಹೇಳು, ನಿಲ್ಲಸ್ತೀನಿ" ಅನ್ನುತ್ತಿದ್ದಳು. ನೋವಾದರೂ ನಾನು ಹೇಳುತ್ತಿರಲಿಲ್ಲ.

ನಮ್ಮ ಮನೆ ಧಾರವಾಡದಲ್ಲಿ, ಕೆಲಸ ಹುಬ್ಬಳ್ಳಿಯಲ್ಲಿ. ವರ್ಷಗಟ್ಟಲೆ ಬೈಕಿನಲ್ಲೇ ಓಡಾಡಿದವನು ನಾನು. ಹೋಗುತ್ತಾ ಇಪ್ಪತ್ತು, ಬರುತ್ತಾ ಇಪ್ಪತ್ತು ಕಿಲೋಮೀಟರ್. 2022ರ ಮಳೆಗಾಲದಲ್ಲಿ ಒಂದು ಜೋಳದ ಚೀಲ ಎತ್ತಿ ಮಾಳಿಗೆಗೆ ಒಯ್ದೆ. ಆ ದಿನ ಏನೂ ಆಗಲಿಲ್ಲ. ಮೂರನೇ ದಿನ ಬೆಳಗ್ಗೆ ಮುಖ ತೊಳೆಯುವಾಗ ಒಂದು ಸೀನು ಬಂತು, ಅಷ್ಟೇ. ಬಚ್ಚಲ ಗೋಡೆ ಹಿಡಿದು ನಿಂತವನು ಅಲ್ಲಿಂದ ಹೊರಗೆ ಬರಲು ಅರ್ಧ ತಾಸು ಹಿಡಿಯಿತು.

ಆಮೇಲೆ ಏನೇನು ಮಾಡಿಸಿದೆ ಅಂತ ಟೊಂಕ ಹಿಡಿದವರಿಗೆ ನಾನು ಹೇಳಬೇಕಿಲ್ಲ. ನೀವೂ ಅದನ್ನೇ ಮಾಡಿರುತ್ತೀರಿ. ಎಣ್ಣೆ ಹಚ್ಚಿ ತಿಕ್ಕಿಸಿಕೊಂಡೆ. ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಬಿಡುತ್ತದೆ ಅಂತ ಒಬ್ಬ ಸಂಬಂಧಿಕರ ಮುಂದೆ ಬೋರಲು ಮಲಗಿದೆ. ಅವರು ಮೆಲ್ಲಗೆ ಮೂರು ಸಲ ಕಾಲು ತಾಗಿಸಿದರು. ಅವರ ಪ್ರೀತಿ ನನಗೆ ಅರ್ಥವಾಗುತ್ತದೆ, ನೋವು ಮಾತ್ರ ಹಾಗೇ ಇತ್ತು. ಬೆಲ್ಟ್ ಕಟ್ಟಿಕೊಂಡೆ. ಯಾರೋ ಹೇಳಿದ ಊರಿಗೆ ಹೋಗಿ ಪೊಟ್ಟಣ ಕಟ್ಟಿದ ಪುಡಿ ತಂದೆ. ನಾಲ್ಕೇ ದಿನಕ್ಕೆ ಹಗುರ ಅನಿಸಿತು. ಮುಖ ಬಾತುಕೊಂಡಿತು, ಹಸಿವು ವಿಪರೀತವಾಯಿತು. ನಮ್ಮ ಓಣಿಯ ಮೆಡಿಕಲ್ ಅಂಗಡಿಯವರು ನೋಡಿ, "ಸರ್, ಹೆಸರಿಲ್ಲದ ಪುಡಿ ತಗೋಬ್ಯಾಡ್ರಿ, ಸ್ಟಿರಾಯ್ಡ್ ಇರ್ತಾವ" ಅಂದರು. ಇಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದು ನಮ್ಮ ದೇಶದಲ್ಲಿ ಎಷ್ಟೋ ಸಲ ಸಿಕ್ಕಿಬಿದ್ದಿದೆ. ಒಮ್ಮೆಲೇ ಆರಾಮ ಕೊಡುವ, ಹೆಸರಿಲ್ಲದ ಔಷಧಿ ಕಂಡರೆ ದಯವಿಟ್ಟು ಹೆದರಿ. ತಿಂಗಳುಗಟ್ಟಲೆ ತಿಂದಿದ್ದರೆ ತಟ್ಟನೆ ನಿಲ್ಲಿಸಲೂ ಬೇಡಿ, ಡಾಕ್ಟರಿಗೆ ತೋರಿಸಿ ಮೆಲ್ಲಗೆ ಬಿಡಬೇಕು.

ಆದರೆ ನನಗೆ ಎಲ್ಲಕ್ಕಿಂತ ಹೆಚ್ಚು ಪೆಟ್ಟು ಕೊಟ್ಟದ್ದು ಪುಡಿಯಲ್ಲ. ಎಂಆರ್‌ಐ ರಿಪೋರ್ಟು.

ಒಂದು ದೊಡ್ಡ ಆಸ್ಪತ್ರೆ. ಎರಡೂವರೆ ತಾಸು ಕಾದ ಮೇಲೆ ಎರಡು ನಿಮಿಷ ಸಿಕ್ಕಿತು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದರು. "ಮಣಿ ಸವೆದಿವೆ. ಗಾದಿ ಸರಿದಿದೆ. ಬಗ್ಗಬೇಡಿ, ಭಾರ ಎತ್ತಬೇಡಿ, ಗಾಡಿ ಮುಟ್ಟಬೇಡಿ. ಕಡಿಮೆ ಆಗದಿದ್ದರೆ ಆಪರೇಷನ್." ಮುಂದಿನವರನ್ನು ಕರೆದರು. ಅಂದು ಬಸ್ಸಿನಲ್ಲಿ ಕೂತು ಆ ರಿಪೋರ್ಟನ್ನು ಎಷ್ಟು ಸಲ ಓದಿದೆನೋ. ನನ್ನ ಬೆನ್ನು ಗಾಜಿನದು, ಇನ್ನೊಂದು ಸೀನು ಬಂದರೆ ಒಡೆದೇ ಹೋಗುತ್ತದೆ ಅನ್ನುವ ಭಯ ಅಂದು ಹೊಕ್ಕಿತು. ರಜೆ ಹಾಕಿ ಎರಡು ತಿಂಗಳು ಮಲಗಿದೆ. ಹಾಸಿಗೆ, ಬಚ್ಚಲು, ಹಾಸಿಗೆ. ಎಡ ತೊಡೆ ಬಲ ತೊಡೆಗಿಂತ ಸಣ್ಣಗಾಯಿತು. ಪ್ಯಾಂಟು ಒಂದು ಕಡೆ ಜೋಲತೊಡಗಿತು. ನೋವು ಕಡಿಮೆಯಾಗಲಿಲ್ಲ, ಜಾಸ್ತಿಯಾಯಿತು.

ಇಲ್ಲಿಂದ ನನ್ನನ್ನು ಎಬ್ಬಿಸಿದ್ದು ಒಬ್ಬ ಫಿಸಿಯೋಥೆರಪಿ ಹುಡುಗಿ. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಆಕೆ ಮೊದಲು ಮಾಡಿದ್ದು ಇಷ್ಟೇ: ರಿಪೋರ್ಟನ್ನು ಪಕ್ಕಕ್ಕಿಟ್ಟು, ನನ್ನನ್ನು ಅಂಗಾತ ಮಲಗಿಸಿ, ಮೊಣಕಾಲು ಮಡಚದಂತೆ ಎಡಗಾಲನ್ನು ಮೆಲ್ಲಗೆ ಎತ್ತಿದಳು. ಅರ್ಧಕ್ಕೂ ಬರದೆ ನಾನು ಚೀರಿದೆ. ಆಮೇಲೆ ಹಿಮ್ಮಡಿ ಮೇಲೆ ನಡೆಸಿದಳು, ತುದಿಗಾಲ ಮೇಲೆ ನಡೆಸಿದಳು, ಹೆಬ್ಬೆರಳನ್ನು ತನ್ನ ಬೆರಳಿಗೆ ಒತ್ತಿ ಹಿಡಿಯಲು ಹೇಳಿದಳು. ಎಲ್ಲಾ ನೋಡಿ, "ಸರ್, ಶಕ್ತಿ ಹೋಗಿಲ್ಲ. ಸಿಟ್ಟಾಗೇತಿ ನರ, ಅಷ್ಟ" ಅಂದಳು. ಬೋರಲು ಮಲಗಿಸಿ, ಮೊಣಕೈ ಊರಿ ಎದೆ ಎತ್ತಿಸಿದಳು. ಎದ್ದು ನಿಂತಾಗ ಮೀನಖಂಡದ ನೋವು ಇಳಿದಿತ್ತು, ಟೊಂಕದ್ದು ಏರಿತ್ತು. ನನಗೆ ಗಾಬರಿಯಾಯಿತು. ಆಕೆ ನಕ್ಕಳು. "ಕಾಲಿಂದ ನೋವು ಮ್ಯಾಲೆ ಬರಾಕತ್ತಿತಂದ್ರ ಒಳ್ಳೇದಂತ ತಿಳೀರಿ. ಕೆಳಗ ಇಳೀಲಿಕ್ಕೆ ಹತ್ತಿದ್ರ ಆ ವ್ಯಾಯಾಮ ಬಿಡ್ರಿ."

ನೋವು ಯಾವ ಕಡೆ ಸರಿಯುತ್ತಿದೆ ನೋಡಿ ಅನ್ನುವ ಈ ಒಂದು ಮಾತನ್ನು ಅಲ್ಲಿಯವರೆಗೆ ನನಗೆ ಯಾರೂ ಹೇಳಿರಲಿಲ್ಲ. ಆ ದಿನದಿಂದ ನನ್ನ ನೋವಿಗೆ ಒಂದು ನಕಾಶೆ ಸಿಕ್ಕಿತು. ದಿನಾ ಬರೆದಿಡುತ್ತಿದ್ದೆ: ಇವತ್ತು ಹೆಬ್ಬೆರಳು, ಇವತ್ತು ಮೀನಖಂಡದವರೆಗೆ, ಇವತ್ತು ತೊಡೆಯಲ್ಲೇ ನಿಂತಿದೆ.

ಆಕೆ ನನಗೆ ತಿಳಿಸಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಬೆನ್ನಿನ ಎರಡು ಮಣಿಗಳ ನಡುವೆ ಒಂದು ಗಾದಿ ಇರುತ್ತದೆ. ಹೊರಗೆ ಗಟ್ಟಿ ಪದರ, ಒಳಗೆ ಜೆಲ್ಲಿ. ಪದರ ಹರಿದು ಜೆಲ್ಲಿ ಹೊರಬಂದರೆ ಪಕ್ಕದ ನರದ ಬೇರಿಗೆ ತಾಗುತ್ತದೆ, ಅಲ್ಲಿ ಉರಿಯೂತ ಆಗುತ್ತದೆ. ಟೊಂಕದಿಂದ ಕಾಲಿಗೆ ಇಳಿಯುವ ಈ ಸಯಾಟಿಕ್ ನರ ನಮ್ಮ ಮೈಯಲ್ಲೇ ಅತಿ ದಪ್ಪನೆಯದು. ಐದು ಬೇರು ಸೇರಿ ಬೆರಳಿನಷ್ಟು ದಪ್ಪ ಆಗಿರುತ್ತದೆ. ನನಗೆ ಸರಿದಿದ್ದು ಸೊಂಟದ ನಾಲ್ಕನೇ ಮತ್ತು ಐದನೇ ಮಣಿಯ ನಡುವಿನ ಗಾದಿ. ಅದಕ್ಕೇ ಚಳುಕು ಹೆಬ್ಬೆರಳಿಗೆ ಬರುತ್ತಿತ್ತು. ಅದರ ಕೆಳಗಿನ ಗಾದಿ ಸರಿದವರಿಗೆ ಹಿಮ್ಮಡಿ, ಕಿರುಬೆರಳ ಕಡೆ ಹೋಗುತ್ತದೆ. ಗಾದಿಗೂ ಕಾಲುನೋವಿಗೂ ಇರುವ ಈ ನಂಟನ್ನು ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್ ಅನ್ನುವ ಇಬ್ಬರು ಡಾಕ್ಟರು 1934ರಲ್ಲಿ ಸರಿಯಾಗಿ ಬಿಡಿಸಿಟ್ಟರು. ಹೊರಬಂದ ಆ ಜೆಲ್ಲಿಯನ್ನು ಎಷ್ಟೋ ಜನರಲ್ಲಿ ಮೈಯೇ ತಿಂಗಳುಗಳಲ್ಲಿ ಕರಗಿಸಿಬಿಡುತ್ತದೆ. ಇದನ್ನು ಕೇಳಿದ ರಾತ್ರಿ ನಾನು ಬಹಳ ದಿನಗಳ ಮೇಲೆ ನಿದ್ದೆ ಮಾಡಿದೆ.

"ಸವೆದಿವೆ" ಅನ್ನುವ ಮಾತಿನ ಬಗ್ಗೆ ನನಗೆ ಇವತ್ತಿಗೂ ಬೇಸರ ಇದೆ. 2015ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಬೆನ್ನುನೋವು ಇಲ್ಲವೇ ಇಲ್ಲ ಅನ್ನುವ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟು ಹಾಕಿ ನೋಡಿದ್ದರು. 40 ವರ್ಷದವರಲ್ಲಿ ಶೇಕಡಾ 68ರಷ್ಟು ಜನರಿಗೆ ಗಾದಿ ಸವೆದಿತ್ತು, ಶೇಕಡಾ 50ರಷ್ಟು ಜನರಿಗೆ ಗಾದಿ ಉಬ್ಬಿತ್ತು. ಅವರೆಲ್ಲಾ ಆರಾಮವಾಗಿ ಓಡಾಡಿಕೊಂಡಿದ್ದವರು! ಕೂದಲು ಬೆಳ್ಳಗಾದ ಹಾಗೆ ಗಾದಿಯೂ ವಯಸ್ಸಾಗುತ್ತದೆ, ಅಲ್ವಾ? ರಿಪೋರ್ಟ್ ಕೈಗೆ ಕೊಡುವಾಗ ಇಷ್ಟು ಹೇಳಲು ಒಂದು ನಿಮಿಷ ಸಾಕು. ಆ ಒಂದು ನಿಮಿಷ ಸಿಕ್ಕಿದ್ದರೆ ನನ್ನ ಎರಡು ತಿಂಗಳು ಉಳಿಯುತ್ತಿತ್ತು. ಸರದಿ ಉದ್ದ ಇರುತ್ತದೆ, ಡಾಕ್ಟರಿಗೂ ಕಷ್ಟ, ನನಗೆ ಗೊತ್ತು. ಆದರೂ ಭಯ ಹುಟ್ಟಿಸುವ ಮಾತಿಗೆ ಸಮಯ ಇದ್ದರೆ, ಧೈರ್ಯ ಹೇಳುವ ಮಾತಿಗೂ ಇರಲೇಬೇಕು ಅಂತ ನಾನು ನಂಬಿದ್ದೇನೆ.

2023ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೀರ್ಘಕಾಲದ ಟೊಂಕ ನೋವಿಗೆ ಒಂದು ಮಾರ್ಗಸೂಚಿ ಕೊಟ್ಟಿತು. ಅದರಲ್ಲಿ ಮುಖ್ಯವಾಗಿ ಹೇಳಿರುವುದು ರೋಗಿಗೆ ತಿಳಿಸಿ ಹೇಳುವುದು, ವ್ಯಾಯಾಮ, ಇಂಥವು. ಬೆಲ್ಟು ಮತ್ತು ಎಳೆತದ ಚಿಕಿತ್ಸೆಯನ್ನು ವಾಡಿಕೆಯಂತೆ ಕೊಡಬೇಡಿ ಅಂತ ಅದರಲ್ಲೇ ಇದೆ. ನಾನು ಬೆಲ್ಟಿಗೆ ಕೊಟ್ಟ ದುಡ್ಡು ಇರಲಿ, ಅದನ್ನು ಬಿಚ್ಚಲು ಆರು ತಿಂಗಳು ಹೆದರಿದೆನಲ್ಲ, ಅದು ಜಾಸ್ತಿ ನೋವು ಕೊಡುತ್ತದೆ.

ಆಪರೇಷನ್ ಬೇಡ ಅಂತ ನಾನು ಹೇಳುತ್ತಿಲ್ಲ. ನನ್ನ ಗೆಳೆಯರೊಬ್ಬರು ಮಾಡಿಸಿಕೊಂಡು ಆರಾಮವಾಗಿದ್ದಾರೆ. 2007ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ತೀವ್ರ ಸಯಾಟಿಕಾ, ಅಂದರೆ ಈ ನರದ ಕಾಲುನೋವು ಇದ್ದ 283 ಜನರನ್ನು ಎರಡು ಗುಂಪು ಮಾಡಿ ನೋಡಿದ್ದರು. ಬೇಗ ಆಪರೇಷನ್ ಆದವರ ಕಾಲುನೋವು ಬೇಗ ಇಳಿಯಿತು. ಆದರೆ ವರ್ಷ ಕಳೆದ ಮೇಲೆ ಎರಡೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಥರ ಇದ್ದರು. ಕಾಯುವವರೂ ತಪ್ಪು ಮಾಡುತ್ತಿಲ್ಲ, ಮಾಡಿಸಿಕೊಳ್ಳುವವರೂ ತಪ್ಪು ಮಾಡುತ್ತಿಲ್ಲ. ಆದರೆ ಒಂದು ವಿಷಯದಲ್ಲಿ ಕಾಯಲೇಬೇಡಿ. ಮೂತ್ರ ಕಟ್ಟಿದರೆ ಅಥವಾ ಮೂತ್ರ, ಮಲದ ಹಿಡಿತ ತಪ್ಪಿದರೆ, ತೊಡೆಯ ಸಂದಿಯಲ್ಲಿ, ಕೂರುವ ಜಾಗದಲ್ಲಿ ಸ್ಪರ್ಶ ಗೊತ್ತಾಗದಿದ್ದರೆ, ಪಾದ ಎತ್ತಲು ಬಾರದೆ ಚಪ್ಪಲಿ ನೆಲಕ್ಕೆ ಎಳೆಯುತ್ತಿದ್ದರೆ, ಅದು ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೋಗಿ. ಜ್ವರದ ಜೊತೆ ಬೆನ್ನುನೋವು ಬಂದರೂ, ಸುಮ್ನೆ ತೂಕ ಇಳಿಯುತ್ತಿದ್ದರೂ ತಡ ಮಾಡಬೇಡಿ.

ನಾನು ಬೈಕ್ ಬಿಟ್ಟು, ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸು ಹಿಡಿದೆ. ಟೊಂಕ ನೋವಿನವರ ಕಣ್ಣಿಗೆ ಬೇರೆಯವರು ಕಾಣದ್ದು ಕಾಣುತ್ತದೆ. ಅಲ್ಲಿ ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟ. ಮೆಟ್ಟಿಲು ಹತ್ತಬೇಕಿಲ್ಲ, ಒಂದು ಹೆಜ್ಜೆ ಇಟ್ಟರೆ ಒಳಗೆ. ಮೊದಮೊದಲು ಕೂರಲು ಆಗುತ್ತಿರಲಿಲ್ಲ, ಜ್ಯುಬಿಲಿ ಸರ್ಕಲ್‌ನಿಂದ ಉಣಕಲ್‌ವರೆಗೆ ನಿಂತೇ ಬರುತ್ತಿದ್ದೆ. ಕೂತರೆ ಗಾದಿಗೆ ಒತ್ತಡ ಜಾಸ್ತಿ, ನಿಂತರೆ, ನಡೆದರೆ ಹಗುರ. ಬೆಳಗ್ಗೆ ಸಾಧನಕೇರಿ ಕಡೆ ನಡೆಯಲು ಶುರು ಮಾಡಿದೆ. ಮೊದಲ ದಿನ ಐದು ನಿಮಿಷ, ಕೈಯಲ್ಲಿ ಗಡಿಯಾರ ಹಿಡಿದುಕೊಂಡು. ಎರಡು ತಿಂಗಳಿಗೆ ನಲವತ್ತು ನಿಮಿಷ. ನಡುವೆ ಎರಡು ಸಲ ನೋವು ತಿರುಗಿ ಬಂತು. ಬಂದಾಗ ಮಲಗಲಿಲ್ಲ, ಹತ್ತು ನಿಮಿಷಕ್ಕೆ ಇಳಿಸಿದೆ, ಮತ್ತೆ ಏರಿಸಿದೆ. ಈಗಲೂ ಥಂಡಿಯಲ್ಲಿ ಮೀನಖಂಡ ಜೋಮು ಹಿಡಿಯುತ್ತದೆ. ಪೂರ್ತಿ ಹೋಗಿದೆ ಅಂತ ಸುಳ್ಳು ಹೇಳಲಾರೆ. ಆದರೆ ಸಾಕ್ಸ್ ನಾನೇ ಹಾಕಿಕೊಳ್ಳುತ್ತೇನೆ.

ಇನ್ನೊಂದು ಮಾತು. ಇದನ್ನು ಬರೆಯಲು ಕೂತಿದ್ದೇ ಇದಕ್ಕಾಗಿ. ನಾನು ಮಲಗಿದ್ದ ಎರಡು ತಿಂಗಳು ಅವ್ವ ನನಗೆ ಹಾಸಿಗೆಗೇ ಊಟ ತಂದು ಕೊಡುತ್ತಿದ್ದಳು. ಒಂದು ದಿನ ತಟ್ಟೆ ಇಟ್ಟು ಏಳುವಾಗ ಮಂಚ ಹಿಡಿದುಕೊಂಡಳು, ಒಂದು ಕ್ಷಣ ಹಾಗೇ ನಿಂತಳು. ಆ ನಿಲ್ಲುವಿಕೆ ನನಗೆ ಗೊತ್ತಿತ್ತು. ನಾನೂ ಹಾಗೇ ನಿಲ್ಲುತ್ತಿದ್ದೆ. "ಅವ್ವಾ, ನಿನಗೂ ಕಾಲಿಗೆ ಇಳಿತೈತೇನು?" ಅಂದೆ. "ಅದೇನ್ ಹೊಸಾದಲ್ಲ ಬಿಡು, ನೀ ಹುಟ್ಟಿದಾಗಿಂದ ಐತಿ" ಅಂದಳು. ನಲವತ್ತೊಂದು ವರ್ಷ! ನೆಲದ ಮೇಲೆ ಕೂತು ರೊಟ್ಟಿ ಬಡಿದಿದ್ದಾಳೆ, ನಲ್ಲಿ ನೀರು ಬಂದ ದಿನ ಕೊಡ ಹೊತ್ತಿದ್ದಾಳೆ, ಒಂದು ದಿನ ರಜೆ ಇಲ್ಲ. ನನ್ನ ಟೊಂಕಕ್ಕೆ ಎಂಆರ್‌ಐ, ಬೆಲ್ಟು, ಮೂವರು ಡಾಕ್ಟರು. ಅವ್ವನ ಟೊಂಕಕ್ಕೆ ಎಣ್ಣೆ ಕೂಡ ಅವಳೇ ಹಚ್ಚಿಕೊಳ್ಳಬೇಕಿತ್ತು. ನಾನು ಒಂದು ಸಲವೂ ಕೇಳಿರಲಿಲ್ಲ.

ಅದೇ ಫಿಸಿಯೋ ಹುಡುಗಿಯ ಹತ್ತಿರ ಅವ್ವನನ್ನೂ ಕರೆದೊಯ್ದೆ. ಅವ್ವನದು ಬೇರೆ ಥರ. ನಡೆದರೆ ಹಿಡಿಯುತ್ತದೆ, ಬಗ್ಗಿ ಕೂತರೆ ಬಿಡುತ್ತದೆ. ನರ ಹೋಗುವ ದಾರಿ ವಯಸ್ಸಿಗೆ ಇರುಕಾದವರಲ್ಲಿ ಹೀಗೆ ಆಗುತ್ತದಂತೆ. ಅದಕ್ಕೆ ನನ್ನ ವ್ಯಾಯಾಮ ಅವಳಿಗೆ ಹೊಂದುವುದಿಲ್ಲ. ಅವಳಿಗೆ ಅಂಗಾತ ಮಲಗಿ ಮೊಣಕಾಲು ಎದೆಗೆ ತರುವುದನ್ನು ಕಲಿಸಿದಳು. ಒಬ್ಬರಿಗೆ ಹೇಳಿದ್ದನ್ನು ಇನ್ನೊಬ್ಬರು ಮಾಡಬಾರದು ಅನ್ನುವುದು ಕಣ್ಣೆದುರೇ ತಿಳಿಯಿತು.

ಈಗ ರೊಟ್ಟಿ ಒಲೆ ಕಟ್ಟೆಯ ಮೇಲೇರಿದೆ. ಬೆಳಗ್ಗೆ ಇಬ್ಬರೂ ಸಾಧನಕೇರಿಗೆ ಹೋಗುತ್ತೇವೆ. ಅವ್ವ ಸ್ವಲ್ಪ ನಡೆಯುತ್ತಾಳೆ, ಕಟ್ಟೆ ಸಿಕ್ಕಲ್ಲಿ ಮುಂದಕ್ಕೆ ಬಾಗಿ ಕೂರುತ್ತಾಳೆ. ಕಾಲು ಬಿಟ್ಟ ಮೇಲೆ ತಾನೇ ಎದ್ದು, "ನಡಿ" ಅನ್ನುತ್ತಾಳೆ.